ಬಿಳಿಗೆರೆ ತಿರುವಿನ ನಾಯಿ

ರಸ್ತೆ ಬದಿಗೆ ಬೋರ್ಡು ನೆಡಿಸುವ ಕೆಲಸದಲ್ಲಿರುವವನು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಿಗ್ಗೆ ಕಚೇರಿಗೆ ಬರುವಷ್ಟರಲ್ಲಿ ಅದೇ ಒಂದು ಅರ್ಜಿ ಹಿಡಿದುಕೊಂಡು ಬೆಂಚಿನ ಮೇಲೆ ಕೂತಿರುತ್ತದೆ. ನಾನು ಮಂಡ್ಯದ ಕಡೆಯವನು, ಕಬ್ಬಿನ ಗದ್ದೆ ನೋಡಿ ಬೆಳೆದವನು. ರಸ್ತೆ ಇಂಜಿನಿಯರಾಗಿ ಈ ತೆಂಗಿನ ಸೀಮೆಗೆ ಬಂದು ಬಿದ್ದು ವರ್ಷಗಳೇ ಆದವು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸುತ್ತಿನ ರಸ್ತೆಗಳಲ್ಲಿ ನಾನು ನೆಡಿಸಿದ ಬೋರ್ಡುಗಳಲ್ಲಿ ಕೆಲವು ನೆಟ್ಟಗೆ ನಿಂತಿವೆ, ಕೆಲವು ವಾಲಿವೆ, ಒಂದೆರಡು ಯಾರದೋ ಕೊಟ್ಟಿಗೆಯ ಬಾಗಿಲಾಗಿ ಸುಖವಾಗಿವೆ.

ಇಷ್ಟು ವರ್ಷದಲ್ಲಿ ನನ್ನ ನಿದ್ದೆ ಕೆಡಿಸಿದ್ದು ಒಂದೇ ಜಾಗ. ಬಿಳಿಗೆರೆ ಹತ್ತಿರ ಒಂದು ತಿರುವಿದೆ. ಅಲ್ಲಿ ಒಬ್ಬ ಅಜ್ಜಿಯ ತೋಟ. ರಸ್ತೆ ಎಡಕ್ಕೆ ಹೊರಳುವ ಕಡೆ, ಎದುರಿಗೇ ಅಜ್ಜಿ ಸೊಸೆಯಾಗಿ ಬಂದ ವರ್ಷ ನೆಟ್ಟ ಐದು ತೆಂಗಿನ ಮರ ಸಾಲಾಗಿ ನಿಂತಿವೆ. ದಿನ ಬಿಟ್ಟು ದಿನ ಯಾವುದಾದರೂ ಗಾಡಿ ಎಡಕ್ಕೆ ಹೊರಳುವುದನ್ನು ಮರೆತು, ನೇರವಾಗಿ ಹೋಗಿ ಆ ಮರಗಳ ಮುಂದಿನ ಹಳ್ಳಕ್ಕೆ ಇಳಿಯುತ್ತಿತ್ತು. “ಇದು ಹೀಗೇ ನಡೆದರೆ ಐದು ಮರ ಕಡಿದು ರಸ್ತೆ ನೇರ ಮಾಡೋದೇ” ಎಂದು ನಮ್ಮ ಸಾಹೇಬರು ಹೇಳಿಬಿಟ್ಟಿದ್ದರು. ಯಾರ ತಲೆಯೂ ಒಡೆಯಬಾರದು, ಅಜ್ಜಿಯ ಮರವೂ ಉಳಿಯಬೇಕು, ಇದು ನನ್ನ ಪಾಡು. ಅಲ್ಲಿಗೆ ಹೋಗುವ ಮುಂಚೆ ಈ ಬೋರ್ಡುಗಳ ಕಾರುಬಾರು ಹೇಗಿರುತ್ತದೆ ಎಂದು ಸ್ವಲ್ಪ ಹೇಳಬೇಕು.

ಮಾವನ ಮನೆ

ಮೊದಲು ನಮಗೆ ಮನಸ್ಸಿಗೆ ಬಂದದ್ದನ್ನು ಬರೆಸುವ ಸ್ವಾತಂತ್ರ್ಯವಿತ್ತು. ‘ನಿಧಾನವಾಗಿ ಚಲಿಸಿ’ ಎಂದರೆ ಯಾರೂ ಓದುವುದಿಲ್ಲ, ನಗಿಸಿದರೆ ಓದುತ್ತಾರೆ ಎಂಬುದು ನನ್ನ ನಂಬಿಕೆ. ಹಾಗಾಗಿ ತುರುವೇಕೆರೆಯಿಂದ ಮಾಯಸಂದ್ರಕ್ಕೆ ಹೋಗುವ ದಾರಿಯಲ್ಲಿ ಒಂದು ಬೋರ್ಡು ಹಾಕಿಸಿದೆ: ‘ಅವಸರ ಯಾಕೆ? ಮಾವನ ಮನೆ ಎಲ್ಲಿಗೂ ಓಡಿಹೋಗುವುದಿಲ್ಲ.’

ಬರೆಸಿದ ಮೇಲೆ ನಾನೇ ಎರಡು ಸಲ ಆ ದಾರಿಯಲ್ಲಿ ಹೋಗಿ ಓದಿಕೊಂಡು ಬಂದೆ. ಸ್ವಲ್ಪ ದಿನಕ್ಕೆ ಹೆಗಲ ಮೇಲೆ ಟವೆಲ್ ಹಾಕಿಕೊಂಡ ರೈತರೊಬ್ಬರು ಕಚೇರಿಗೆ ಬಂದರು.

“ಆ ಬೋರ್ಡು ಬರೆಸಿದ್ದು ನೀವೇನಾ?”

ಹೊಗಳುವುದಕ್ಕೇ ಬಂದಿದ್ದಾರೆ ಎಂದುಕೊಂಡು ಕೂರಿಸಿ, ಟೀ ಹೇಳಿದೆ.

“ಅದರ ಹಿಂದಿನ ಮನೆ ನಂದು. ನಾನೇ ಆ ಮಾವ” ಎಂದರು.

“ಬಹಳ ಸಂತೋಷ.”

“ನಿಮಗೆ ಸಂತೋಷ ಕಣ್ರೀ. ನನ್ನಳಿಯ ಮೊದ್ಲು ಹಬ್ಬಕ್ಕೆ ಕರೆದ್ರೂ ಬತ್ತಿರಲಿಲ್ಲ. ಈಗ ಆ ದಾರೀಲಿ ಹೋದಾಗೆಲ್ಲ ಬೋರ್ಡು ಓದ್ತಾನೆ, ಗಾಡಿ ನಿಲ್ಲಿಸ್ತಾನೆ, ಒಳಕ್ಕೆ ಬತ್ತಾನೆ. ‘ಅವಸರ ಬ್ಯಾಡ ಅಂತ ಸರ್ಕಾರದೋರೇ ಬರೆದವ್ರೆ ಮಾವ’ ಅಂತಾನೆ. ಬಂದೋನು ಹೋಗೋಕೂ ಅವಸರ ಮಾಡಲ್ಲ. ಮನೇಲಿರೋ ಕೋಳಿ ಎಲ್ಲಾ ಖಾಲಿ.”

ನನಗೆ ಪಾಪ ಅನ್ನಿಸಿತು. “ಹಾಗಾದರೆ ಬೋರ್ಡು ಕೀಳಿಸಿಬಿಡಲಾ?” ಎಂದೆ.

ಅವರು ಟೀ ಲೋಟ ಕೆಳಗಿಟ್ಟರು. “ಕಿತ್ತು ಎಸೆಯೋದ್ಯಾಕೆ, ಮಾತು ಚೆನ್ನಾಗೈತೆ. ಕಿಬ್ಬನಹಳ್ಳಿ ಕ್ರಾಸ್ ಹತ್ರ ನಂಗೂ ಒಬ್ರು ಮಾವ ಅವ್ರೆ. ಅವರ ಮನೆ ಮುಂದಕ್ಕೆ ನೆಟ್ಟುಬುಡಿ.”

ಪುಸ್ತಕದಲ್ಲಿ ಕುರಿ ಇಲ್ಲ

ಆಮೇಲೆ ಮೇಲಿನಿಂದ ಆದೇಶ ಬಂತು. ರಸ್ತೆ ಬೋರ್ಡಿನಲ್ಲಿ ತಮಾಷೆಯ ಮಾತು ಇರಕೂಡದು, ಅದರಿಂದ ಚಾಲಕರ ಗಮನ ಬೇರೆ ಕಡೆ ಹೋಗುತ್ತದೆ, ನಿಯಮದ ಪುಸ್ತಕದಲ್ಲಿರುವ ಚಿತ್ರಗಳನ್ನು ಮಾತ್ರ ಹಾಕತಕ್ಕದ್ದು. ನನಗೆ ಕೈ ಕಟ್ಟಿ ಹಾಕಿದಂತಾಯಿತು. ನನ್ನ ಬೋರ್ಡುಗಳನ್ನು ನಾನೇ ಕೀಳಿಸಿದೆ. ಹುಳಿಯಾರು ರಸ್ತೆಯಲ್ಲಿ ಪುಸ್ತಕದಲ್ಲಿದ್ದ ಹಾಗೆ ಕೆಂಪು ತ್ರಿಕೋನದೊಳಗೆ ಒಂದು ಹಸುವಿನ ಚಿತ್ರ ಹಾಕಿಸಿದೆ. ದನಕರು ಅಡ್ಡ ಬರುತ್ತವೆ, ನಿಧಾನ ಎಂದು ಅದರ ಅರ್ಥ.

ಹತ್ತಿರದ ಹಟ್ಟಿಯಿಂದ ಕುರಿ ಕಾಯುವ ಹಿರಿಯರೊಬ್ಬರು ಬಂದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು.

“ಸಾಮಿ, ಬೋರ್ಡಿನಾಗೆ ಹಸ ಐತೆ. ನಮ್ಮ ಹಟ್ಟೀಲಿರೋವು ಕುರಿ. ಲಾರಿಯೋನು ಕುರಿ ಕಂಡ್ರೆ ನಿಲ್ಲಿಸಾಕಿಲ್ಲ. ಒಂದು ಕುರಿ ಚಿತ್ರ ಹಾಕಿಸಿ.”

ಪುಸ್ತಕವನ್ನೇ ಅವರ ಮುಂದೆ ಬಿಚ್ಚಿ ಹಿಡಿದೆ. “ನೋಡಿ ಯಜಮಾನ್ರೇ, ಪುಸ್ತಕದಲ್ಲಿ ಕುರಿ ಇಲ್ಲ. ಹಸು ಅಂದರೆ ಎಲ್ಲಾ ಪ್ರಾಣಿಯೂ ಬಂತು ಅಂತ ಲೆಕ್ಕ.”

“ಆ ಲೆಕ್ಕ ಲಾರಿಯೋನಿಗೆ ಗೊತ್ತೈತಾ?” ಎಂದು ಕೇಳಿದರು. ನಾನು ಪುಸ್ತಕ ಮುಚ್ಚಿದೆ.

ಮುಂದಿನ ಸಲ ಆ ಕಡೆ ಹೋದಾಗ ನಮ್ಮ ಜೀಪು ಗಕ್ಕನೆ ನಿಂತಿತು. ರಸ್ತೆ ತುಂಬ ಕುರಿ. ಎಲ್ಲಕ್ಕಿಂತ ಮುಂದೆ, ಕೊರಳಿಗೆ ದೊಡ್ಡ ಗಂಟೆ ಕಟ್ಟಿಕೊಂಡು, ಒಂದು ಮುದಿ ಹಸು ಗಂಭೀರವಾಗಿ ಬರುತ್ತಿತ್ತು. ಅದರ ಎದುರಿಗೆ ಎರಡು ಲಾರಿ, ಒಂದು ಬಸ್ಸು ಕೈ ಕಟ್ಟಿಕೊಂಡು ನಿಂತಿದ್ದವು.

“ಇದೇನು ಯಜಮಾನ್ರೇ, ಹಸು ಯಾವಾಗ ತಂದಿರಿ?” ಎಂದು ಕೇಳಿದೆ.

“ನೀವು ಪುಸ್ತಕ ತೋರಿಸಿದ ವಾರವೇ” ಎಂದರು ಅವರು. “ಕಾನೂನು ಮುಂದೆ ಹೋಯ್ತದೆ ಸಾಮಿ, ನಾವು ಹಿಂದೆ ಬತ್ತೀವಿ.”

ಇಲ್ಲದ ಹಂಪು

ನಮ್ಮ ಸಾಹೇಬರಿಗೆ ಆದೇಶ ಎಂದರೆ ಆದೇಶ. ತಿಪಟೂರಿನ ಕಡೆಯವರೇ, ಅಪ್ಪಟ ತೆಂಗಿನ ತೋಟದ ಮನೆಯವರು. ನಗುವುದು ಕಡಿಮೆ, ಸಹಿ ಮಾತ್ರ ದೊಡ್ಡದಾಗಿ ಹಾಕುತ್ತಾರೆ. ಗಾಡಿ ನಿಧಾನ ಆಗಲೆಂದು ಊರವರು ತಾವಾಗಿ ರಸ್ತೆಗೆ ಅಡ್ಡಲಾಗಿ ಹಾಕಿಕೊಂಡ ಹಂಪುಗಳೆಲ್ಲ ನಿಯಮಕ್ಕೆ ವಿರುದ್ಧ, ತೆಗೆಸಿ ಎಂದರು. ತೆಗೆಸಿದೆ. ಶೆಟ್ಟಿಕೆರೆ ದಾರಿಯಲ್ಲಿ ಒಂದು ಹಂಪಿನ ಪಕ್ಕ ಎಳನೀರು ಮಾರುವವನೊಬ್ಬ ಇದ್ದ. ಆ ಹಂಪಿಗೆ ಗಾಡಿಗಳು ನಿಧಾನ ಆಗುತ್ತಿದ್ದವು, ನಿಧಾನ ಆದವರಿಗೆ ಬಾಯಾರುತ್ತಿತ್ತು, ಅವನ ಸಂಸಾರ ನಡೆಯುತ್ತಿತ್ತು. ಹಂಪು ಹೋದ ದಿನ ಅವನು ಒಂದು ಮಾತೂ ಆಡಲಿಲ್ಲ. ಅದೇ ನನಗೆ ಅನುಮಾನ ಬರಿಸಿದ್ದು.

ತಿಂಗಳ ಮೇಲೆ ಸಾಹೇಬರ ಜೊತೆ ಆ ದಾರಿಯಲ್ಲಿ ಹೋದೆ. ಡ್ರೈವರ್ ಸರಕ್ಕನೆ ಬ್ರೇಕ್ ಹಾಕಿದ. ಸಾಹೇಬರು ಮೇಲಿನ ಕಂಬಿ ಹಿಡಿದುಕೊಂಡರು, ನಾನು ಸೊಂಟ ಹಿಡಿದುಕೊಂಡೆ. ಜೀಪು ನೀರಿನ ಮೇಲೆ ಹೋದ ಹಾಗೆ ನುಣ್ಣಗೆ ಹೋಯಿತು. ಹಂಪೇ ಇಲ್ಲ. ‘ಮುಂದೆ ಹಂಪು ಇದೆ’ ಎಂಬ ಹಳೆಯ ಬೋರ್ಡು ಮಾತ್ರ ಹೊಸ ಬಣ್ಣ ಬಳಿಸಿಕೊಂಡು ಹೊಳೆಯುತ್ತಿತ್ತು.

ಸಾಹೇಬರು ಇಳಿದರು. ಅವರು ಬಾಯಿ ತೆಗೆಯುವ ಮೊದಲೇ ಎಳನೀರಿನವನು ಒಂದು ಕಾಯಿ ಕೆತ್ತಿ ಕೈಗೆ ಕೊಟ್ಟ. ಕುಡಿದ ಮೇಲೆ ಸಾಹೇಬರು ಕೇಳಿದರು, “ಹಂಪು ಎಲ್ಲಪ್ಪ?”

“ನೀವೇ ತೆಗೆಸಿದ್ರಲ್ಲ ಸಾಮಿ.”

“ಮತ್ತೆ ಬೋರ್ಡು?”

“ಹಂಪು ತೆಗೀರಿ ಅಂತ ಆರ್ಡರ್ ಬಂದಿತ್ತಂತೆ. ಬೋರ್ಡು ತೆಗೀರಿ ಅಂತ ಬಂದಿಲ್ಲವಂತೆ. ಆರ್ಡರ್ ಇಲ್ದೆ ಸರ್ಕಾರದ ಆಸ್ತಿ ಮುಟ್ಟೋದು ತಪ್ಪಲ್ವಾ?”

ಸಾಹೇಬರು ಇನ್ನೊಂದು ಎಳನೀರು ಕುಡಿದರು. ವಾಪಸು ಬರುವಾಗ ಅದೇ ಜಾಗದಲ್ಲಿ, ಹಂಪಿಲ್ಲ ಎಂದು ಚೆನ್ನಾಗಿ ಗೊತ್ತಿದ್ದೂ, ಅವರು ಮತ್ತೆ ಕಂಬಿ ಹಿಡಿದುಕೊಂಡರು.

ಬಿದ್ದವರು ಕೇಳುವ ಪ್ರಶ್ನೆ

ಈಗ ಬಿಳಿಗೆರೆ ತಿರುವಿಗೆ ಬರೋಣ. ಪುಸ್ತಕದಲ್ಲಿರುವ ತಿರುವಿನ ಬೋರ್ಡು ಹಾಕಿಸಿದೆ. ಬಾಣದ ಗುರುತು ಹಾಕಿಸಿದೆ. ಕಲ್ಲಿಗೆಲ್ಲ ಸುಣ್ಣ ಬಳಿಸಿದೆ. ಬೀಳುವವರು ಬೀಳುತ್ತಲೇ ಇದ್ದರು. ಅಜ್ಜಿ ಕಾಯಿ ಸುಲಿದ ಸಿಪ್ಪೆಯನ್ನೆಲ್ಲ ತಂದು ಆ ಹಳ್ಳಕ್ಕೆ ಹಾಸಿಗೆಯ ಹಾಗೆ ಸುರಿಸಿದ್ದರು. ಹಾಗಾಗಿ ಬಿದ್ದವರು ಬಹಳ ಮಟ್ಟಿಗೆ ತರಚಿದ ಗಾಯದಲ್ಲೇ ಎದ್ದು ಬರುತ್ತಿದ್ದರು. ಆದರೆ ಯಾವತ್ತೂ ಹೀಗೇ ಆಗುತ್ತದೆ ಎಂದು ನಂಬಿ ಕೂರುವುದು ಹೇಗೆ? ಫೋನು ಬಂದಾಗೆಲ್ಲ ಮೊದಲು ‘ಬಿಳಿಗೆರೆಯಾ?’ ಎಂದೇ ಕೇಳುತ್ತಿದ್ದೆ.

ವಿಚಿತ್ರ ಏನೆಂದರೆ, ದೂರದೂರದಿಂದ ಬರುವ ಲಾರಿ, ಟೆಂಪೊ ಯಾವುದೂ ಅಲ್ಲಿ ಬೀಳುತ್ತಿರಲಿಲ್ಲ. ಬೀಳುತ್ತಿದ್ದವರು ಎಲ್ಲ ನಮ್ಮ ಮೂರು ತಾಲ್ಲೂಕಿನವರು, ದಿನಾ ಅದೇ ದಾರಿಯಲ್ಲಿ ಓಡಾಡುವವರು. ಯಾಕಪ್ಪಾ ಬಿದ್ದೆ ಎಂದು ಯಾರನ್ನು ಕೇಳಿದರೂ ಉತ್ತರ ಒಂದೇ: “ನಾಯಿ ಅಡ್ಡ ಬಂತು ಸಾರ್.”

ಒಂದು ದಿನ ಅಜ್ಜಿಯ ಜಗುಲಿಯ ಮೇಲೆ ಕೂತು, “ಆ ನಾಯಿ ಯಾರದು ಅಜ್ಜಿ, ಕಟ್ಟಿಹಾಕಿಸಬಹುದಾ?” ಎಂದು ಕೇಳಿದೆ.

“ಯಾವ ನಾಯಿಯೂ ಇಲ್ಲ ಕಣಪ್ಪ” ಎಂದರು ಅಜ್ಜಿ. “ನಾಯಿ ಸಾಕೋಕೆ ನಂಗೇನು ಬ್ಯಾರೆ ಕೆಲಸ ಇಲ್ವಾ? ಬಿದ್ದೋರು ಮೇಲಕ್ಕೆದ್ದು ಮೊದ್ಲು ಏನು ಕೇಳ್ತಾರೆ ಗೊತ್ತಾ? ಮೈಕೈ ನೋಡ್ಕೊಳಲ್ಲ, ಗಾಡಿ ನೋಡಲ್ಲ. ‘ಅಜ್ಜೀ, ಈ ಮೂರನೇ ಮರ ವರ್ಸಕ್ಕೆ ಎಷ್ಟು ಕಾಯಿ ಬುಡ್ತದೆ?’ ಅಂತಾರೆ.”

ಕಬ್ಬಿನ ಸೀಮೆಯ ನನಗೆ ಆಗ ಕಣ್ಣು ತೆರೆಯಿತು. ಈ ಸೀಮೆಯವರು ಯಾವ ತೋಟದ ಪಕ್ಕ ಹೋದರೂ ತಲೆ ಎತ್ತಿ ಗೊನೆ ಎಣಿಸುತ್ತಾರೆ. ಉಸಿರಾಡಿದಷ್ಟೇ ಸಹಜ ಅದು. ನಡೆದು ಹೋದರೂ ಎಣಿಸುತ್ತಾರೆ, ಬಸ್ಸಿನ ಕಿಟಕಿಯಿಂದಲೂ ಎಣಿಸುತ್ತಾರೆ, ಬೈಕಿನ ಮೇಲೂ ಎಣಿಸುತ್ತಾರೆ. ಅಜ್ಜಿಯ ಮರಗಳಲ್ಲೋ ಗೊನೆಗಳು ಒಂದರ ಮೇಲೊಂದು ಜೋತುಬಿದ್ದಿದ್ದವು. ಲೆಕ್ಕ ಮುಗಿಯುವುದರೊಳಗೆ ರಸ್ತೆ ಎಡಕ್ಕೆ ಹೋಗಿಬಿಡುತ್ತಿತ್ತು.

ಆದೇಶವನ್ನು ಪಕ್ಕಕ್ಕಿಟ್ಟು, ಯಾರಿಗೂ ಹೇಳದೆ ಒಂದು ಬೋರ್ಡು ಬರೆಸಿದೆ: ‘ಕಾಯಿ ಅಜ್ಜಿಯದು, ತಲೆ ನಿಮ್ಮದು. ಮೇಲೆ ನೋಡಬೇಡಿ.’

ಮಾರನೆಯ ದಿನವೇ ಅಜ್ಜಿಯ ಫೋನು. “ಇಂಜಿನೇರಪ್ಪ, ನಿನ್ನ ಬೋರ್ಡು ಕಿತ್ಕೊಂಡು ಹೋಗು. ಇಷ್ಟು ದಿನ ನಮ್ಮೋರು ಮಾತ್ರ ಬೀಳೋರು. ಇವತ್ತು ಯಾವುದೋ ದೂರದೂರಿನ ಟೆಂಪೊ ಬಿದ್ದೈತೆ. ಮೇಲೆ ಏನೈತೆ ಅಂತ ನೋಡ್ದೆ ಅಂತಾನೆ.”

ಸಾಹೇಬರು ಇಳಿದರು

ಟೆಂಪೊ ಬಿದ್ದ ಸುದ್ದಿ ಸಾಹೇಬರಿಗೆ ಮುಟ್ಟಿತು. ನನ್ನನ್ನು ಕರೆಸಿ ಚೆನ್ನಾಗಿ ಉಗಿದರು, ಆ ಬೋರ್ಡನ್ನು ಅವತ್ತೇ ಕೀಳಿಸಿದರು. “ಮರಗಳ ಮೇಲೆ ನಂಬರು ಬರೆಸಿ, ಗುರುವಾರ ನಾನೇ ಬಂದು ನೋಡಿ ಕಡಿಯೋಕೆ ಸಹಿ ಹಾಕ್ತೀನಿ” ಎಂದರು.

ಜನ ಮರ ನೋಡುತ್ತಾ ಬೀಳುತ್ತಾರೆ ಎಂದು ನಾನು ವಿವರಿಸಿ ಹೇಳಿದೆ.

“ಏನ್ರೀ ಮಾತಾಡ್ತೀರಿ. ನಾನು ಹುಟ್ಟಿದ್ದೇ ತೆಂಗಿನ ಮರದ ಕೆಳಗೆ. ಅದನ್ನ ನೋಡೋಕೆ ಯಾವನ್ರೀ ರಸ್ತೆ ಬಿಡ್ತಾನೆ?” ಎಂದರು.

ಗುರುವಾರ ನಾನು ಮೊದಲೇ ಹೋಗಿ ಅಜ್ಜಿಯ ಜೊತೆ ಜಗುಲಿಯ ಮೇಲೆ ಕೂತೆ. ಅಜ್ಜಿ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಎದ್ದು ಹೋಗುವುದು, ಒಂದೊಂದು ಮರದ ಮೈ ಸವರುವುದು, ಬಂದು ಕೂರುವುದು. “ಗಂಡ ಮಾತಾಡಿಸ್ದೆ ಇದ್ದ ದಿನ ಇವುಗಳ ಹತ್ರ ಮಾತಾಡಿದ್ದೀನಿ ಕಣಪ್ಪ” ಎಂದರು.

ಅವತ್ತು ಡ್ರೈವರ್ ರಜೆ. ಸಾಹೇಬರು ತಾವೇ ಜೀಪು ಓಡಿಸಿಕೊಂಡು ಬಂದರು. ದೂರದಿಂದ ಜೀಪು ಕಂಡಿತು. ನಿಧಾನವಾಗಿಯೇ ಬರುತ್ತಿತ್ತು. ತಿರುವಿನ ಬೋರ್ಡು ದಾಟಿತು. ಬಾಣದ ಗುರುತು ದಾಟಿತು. ಆಮೇಲೆ ಸಾಹೇಬರ ಗದ್ದ ಮೆಲ್ಲಗೆ ಮೇಲಕ್ಕೆ ಹೋಗುವುದು ನಮಗೆ ಗಾಜಿನೊಳಗಿಂದ ಕಂಡಿತು. ತುಟಿ ಅಲುಗಾಡುತ್ತಿತ್ತು. ರಸ್ತೆ ಎಡಕ್ಕೆ ಹೋಯಿತು, ಸಾಹೇಬರು ನೇರವಾಗಿ ಬಂದರು, ಜೀಪು ಸಿಪ್ಪೆಯ ಹಾಸಿಗೆಯಲ್ಲಿ ಮೂಗು ಹುದುಗಿಸಿಕೊಂಡು ನಿಂತಿತು.

ನಾನು ಓಡಿದೆ. ಅಜ್ಜಿ ಅಭ್ಯಾಸದಂತೆ ನೀರಿನ ಚೊಂಬು ಹಿಡಿದು ಬಂದರು. ಸಾಹೇಬರು ಬಾಗಿಲು ತಳ್ಳಿಕೊಂಡು ಹೊರಗೆ ಬಂದರು. ತಲೆಯ ತುಂಬ ನಾರು, ಒಂದು ಕಾಲಿನ ಚಪ್ಪಲಿ ಇಲ್ಲ. ನೀರು ಕುಡಿದರು. ಮೇಲೆ ನೋಡಿದರು.

“ಅಜ್ಜೀ,” ಎಂದರು, “ಈ ಮೂರನೇ ಮರ ವರ್ಷಕ್ಕೆ ಎಷ್ಟು ಕಾಯಿ ಬಿಡುತ್ತೆ?”

ನಾನೂ ಅಜ್ಜಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಗುವ ಧೈರ್ಯ ಇಬ್ಬರಿಗೂ ಇರಲಿಲ್ಲ.

“ಅದ್ಯಾಕೆ ಸಾಮಿ ಈಗ, ಅದನ್ನ ಕಡೀತೀರಂತಲ್ಲ” ಎಂದರು ಅಜ್ಜಿ.

ಸಾಹೇಬರು ಮರ ನೋಡಿದರು, ಜೀಪು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಕೇಳಿದರು, “ಬಿತ್ತನೆಗೆ ನಾಲ್ಕು ಕಾಯಿ ಕೊಡ್ತೀರಾ?”

ಆ ಮಾತಿನಿಂದಲೇ ದಾರಿ ಸಿಕ್ಕಿತು. ಅಜ್ಜಿ ಆ ಮರಗಳ ಕಾಯಿಯನ್ನೇ ನೆಟ್ಟು ಸಸಿ ಮಾಡಿ, ತಿರುವು ಬರುವುದಕ್ಕೆ ಸಾಕಷ್ಟು ಮೊದಲೇ, ಗಾಡಿ ನಿಲ್ಲಿಸಲು ಜಾಗ ಇರುವ ಕಡೆ, ತಮ್ಮದೇ ಜಮೀನಿನಲ್ಲಿ ಸಾಲಾಗಿ ಇಟ್ಟರು. ಪಕ್ಕದಲ್ಲಿ ಅವರದೇ ಬೋರ್ಡು: ‘ಆ ಮರದ ಸಸಿ ಇಲ್ಲಿವೆ. ಗಾಡಿ ನಿಲ್ಲಿಸಿ, ಎಷ್ಟು ಬೇಕಾದರೂ ನೋಡಿ.’ ಈಗ ಎಲ್ಲರೂ ಅಲ್ಲಿ ನಿಲ್ಲುತ್ತಾರೆ, ಅಲ್ಲಿಂದಲೇ ಕಾಣುವ ಆ ಐದು ಮರಗಳ ಗೊನೆ ಮನಸಾರೆ ಎಣಿಸುತ್ತಾರೆ, ಆಮೇಲೆ ತಣ್ಣಗೆ ತಿರುವು ದಾಟುತ್ತಾರೆ. ಹಳ್ಳದ ಸಿಪ್ಪೆಯಲ್ಲಿ ಕೋಳಿಗಳು ಕೆದಕಿಕೊಂಡು ಓಡಾಡುತ್ತಿವೆ.

ಆದರೆ ಸರ್ಕಾರಿ ಜೀಪು ಬಿದ್ದ ಮೇಲೆ ವರದಿ ಹೋಗಲೇಬೇಕು. ಸಾಹೇಬರು ತಾವೇ ಬರೆದರು. ಕಾರಣ: ನಾಯಿ ಅಡ್ಡ ಬಂದದ್ದು. ತಪ್ಪು ನಾಯಿಯದಾದ ಮೇಲೆ ಮರ ಕಡಿಯುವ ಪ್ರಶ್ನೆ ಬರಲಿಲ್ಲ. ಕೆಳಗೆ ಒಂದು ಶಿಫಾರಸು ಬೇರೆ: ಪ್ರಾಣಿಗಳ ಬಗ್ಗೆ ಎಚ್ಚರಿಸಲು ನಿಯಮದ ಪ್ರಕಾರ ಬೋರ್ಡು ಹಾಕತಕ್ಕದ್ದು. ಅದರ ಕೆಳಗೆ ದೊಡ್ಡ ಸಹಿ.

ನಾನು ಬೋರ್ಡು ತೆಗೆದುಕೊಂಡು ಹೋಗಿ ನೆಡಿಸುತ್ತಿದ್ದಾಗ ಅಜ್ಜಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದರು.

“ಅಡ್ಡ ಬಂದಿದ್ದು ನಾಯಿ ಅಂದ್ರಿ. ಇದರಾಗೆ ಹಸ ಐತಲ್ಲಪ್ಪ.”

“ಪುಸ್ತಕದಲ್ಲಿ ನಾಯಿ ಚಿತ್ರ ಇಲ್ಲ ಅಜ್ಜಿ.”

ಅಜ್ಜಿ ಹಸುವನ್ನು ಇನ್ನೊಂದು ಸಲ ನೋಡಿ, ತಮ್ಮ ಐದು ಮರಗಳ ಕಡೆ ತಿರುಗಿದರು. “ಹೋಗ್ಲಿ ಬುಡು. ಇಲ್ದೇ ಇರೋ ನಾಯಿಗೆ ಯಾವ ಚಿತ್ರ ಆದ್ರೇನು.”