ಅಪ್ರೂವಲ್‌ಗೆ ಬಂದ ಪುಸ್ತಕಗಳು

ಪುಸ್ತಕ ಕೊಳ್ಳಬಹುದೋ ಬೇಡವೋ ಎಂದು ನೋಡಿ ಹೇಳುವುದು ಫ್ಯಾನಿನ ಕೆಳಗೆ ಕೂತು ಮಾಡುವ ತಣ್ಣನೆಯ ಕೆಲಸ ಅಂತ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದು ಸೇರಿದೆ. ಆಮೇಲೆ ಎಷ್ಟು ಸಲ ನನ್ನ ಎದೆ ಧಸಕ್ಕೆಂದಿತು, ಎಷ್ಟು ಸಲ ಬಾಯಿ ಬಿಟ್ಟುಕೊಂಡು ನಿಂತೆ ಎಂಬುದು ನನಗೇ ಗೊತ್ತು.

ಐವತ್ತರ ದಶಕದ ನಡುವಿನಿಂದ ಅರವತ್ತರ ದಶಕ ಮುಗಿಯುವ ತನಕ ಮದರಾಸಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ನಾನು ಲೈಬ್ರೇರಿಯನ್ ಆಗಿದ್ದೆ. ಕಥೆ, ಕಾದಂಬರಿಯಾದರೆ ಯೋಚನೆ ಮಾಡದೆ ತರಿಸಬಹುದು. ಆದರೆ ಶಿಲ್ಪಕಲೆ, ಚರಿತ್ರೆ, ವಿಶ್ವಕೋಶ, ಈ ಜಾತಿಯ ದಪ್ಪ ಪುಸ್ತಕಗಳು ಸಿಕ್ಕಾಪಟ್ಟೆ ದುಬಾರಿ. ಅದಕ್ಕೇ ಮೌಂಟ್ ರೋಡಿನ ಅಂಗಡಿಯವರು ಮೊದಲು ‘ಅಪ್ರೂವಲ್’ಗೆ ಕಳಿಸುತ್ತಿದ್ದರು. ಅಂದರೆ ಪುಸ್ತಕ ಬಂದು ನಮ್ಮ ಮೇಜಿನ ಮೇಲೆ ಕೆಲವು ದಿನ ಕೂರುತ್ತದೆ. ಒಪ್ಪಿಗೆಯಾದರೆ ಇಟ್ಟುಕೊಳ್ಳುತ್ತೇವೆ, ಆಗದಿದ್ದರೆ ವಾಪಸು. ಹೆಣ್ಣು ನೋಡುವ ಶಾಸ್ತ್ರವೇ, ಸೊಜ್ಜಿ ಬಜ್ಜಿ ಒಂದಿಲ್ಲ ಅಷ್ಟೆ.

ಇದರಲ್ಲಿ ಗಾಬರಿ ಬೀಳುವಂಥದ್ದು ಏನಿದೆ ಅನ್ನುತ್ತೀರಾ? ಕೇಳಿ.

೧. ಇಂಕಿನ ಸಹಿ

ನಮ್ಮ ಪುಸ್ತಕ ಆಯ್ಕೆ ಸಮಿತಿಯಲ್ಲಿ ಇಬ್ಬರು ಹಿರಿಯರಿದ್ದರು. ಒಬ್ಬರು ನಿವೃತ್ತ ಚರಿತ್ರೆ ಪ್ರೊಫೆಸರು, ಇನ್ನೊಬ್ಬರು ನಿವೃತ್ತ ಜಡ್ಜು. ಇಬ್ಬರೂ ಒಪ್ಪಿ ಸಹಿ ಹಾಕಿದರೆ ಮಾತ್ರ ಪುಸ್ತಕ ನಮ್ಮದು.

ಪ್ರೊಫೆಸರು ಯಾವ ಚರಿತ್ರೆ ಪುಸ್ತಕವನ್ನೂ ಮುಂದಿನಿಂದ ತೆಗೆದದ್ದನ್ನು ನಾನು ನೋಡಿಲ್ಲ. ನೇರವಾಗಿ ಹಿಂದಿನ ಹಾಳೆಗೆ ಹೋಗಿ, ಅಲ್ಲಿನ ಪದಸೂಚಿಯಲ್ಲಿ ತಂಜಾವೂರು ಕಡೆಯ ತಮ್ಮ ಊರಿನ ಹೆಸರು ಹುಡುಕುತ್ತಿದ್ದರು. ಸಿಗದಿದ್ದರೆ ಪಟ್ಟಂತ ಮುಚ್ಚಿ, “ಇವನಿಗೆ ಚರಿತ್ರೆ ಗೊತ್ತಿಲ್ಲ. ವಾಪಸು ಕಳಿಸಮ್ಮ” ಎನ್ನುತ್ತಿದ್ದರು. ಎಂಥೆಂಥ ಒಳ್ಳೆಯ ಪುಸ್ತಕಗಳು ಹೀಗೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋದವು! ಎಂ.ಎ. ಹುಡುಗಿಯರು ನನ್ನ ಮೇಜಿನ ಮುಂದೆ ನಿಂತು ಗೋಳಾಡುತ್ತಿದ್ದರು.

ಒಂದು ದಿನ ದಕ್ಷಿಣ ದೇಶದ ಚರಿತ್ರೆಯ ದೊಡ್ಡ ಪುಸ್ತಕವೊಂದು ಬಂತು. ಅವರು ಬರುವ ಮೊದಲೇ ನಾನೇ ಹಿಂದಿನ ಹಾಳೆ ತೆಗೆದು ಬೆರಳಿಟ್ಟು ನೋಡಿದೆ. ಇದೆ! ಅವರ ಊರು ಇದೆ! ಸಂತೋಷದಲ್ಲಿ ಮುಂದಿನದನ್ನು ಓದುವುದು ಮರೆತು ಓಡಿಹೋಗಿ ಅವರ ಕೈಗೆ ಕೊಟ್ಟೆ. ಅವರು ಊರಿನ ಹೆಸರು ನೋಡಿ ಕನ್ನಡಕ ತೆಗೆದರು, ಒರೆಸಿಕೊಂಡರು, ಮತ್ತೆ ನೋಡಿದರು. ಕಣ್ಣು ತೇವವಾಗಿತ್ತು.

“ನೋಡಿದೆಯಾಮ್ಮ? ಇವನು ಪಂಡಿತ! ಎಲ್ಲಿ ಕಾಗದ, ಕೊಡು” ಎಂದು ಅಲ್ಲೇ ದೊಡ್ಡದಾಗಿ ಸಹಿ ಹಾಕಿಬಿಟ್ಟರು. ಪ್ರಿನ್ಸಿಪಾಲರನ್ನೂ ಕರೆಸಿದರು. ಕೂತಿದ್ದ ಹುಡುಗಿಯರಿಗೆಲ್ಲ ಹತ್ತಿರ ಬರಲು ಹೇಳಿದರು. “ಓದಮ್ಮ, ಗಟ್ಟಿಯಾಗಿ ಓದು” ಎಂದರು.

ಪದಸೂಚಿಯಲ್ಲಿ ಊರಿನ ಹೆಸರಿನ ಮುಂದೆ ‘ಕಾಲರಾ ನೋಡಿ’ ಎಂದಿತ್ತು. ಕಾಲರಾ ಇದ್ದ ಪುಟ ತೆಗೆದೆ. ಆ ಊರಲ್ಲಿ ಬೀಡುಬಿಟ್ಟ ದಂಡು ಅಲ್ಲಿನ ಹೊಲಸು ಕೊಳದ ನೀರು ಕುಡಿದು ಅರ್ಧ ಸತ್ತಿತು, ಉಳಿದರ್ಧ ಓಡಿಹೋಯಿತು ಎಂದು ಒಂದೇ ಒಂದು ವಾಕ್ಯ. ಅದನ್ನೂ ಗಟ್ಟಿಯಾಗಿಯೇ ಓದಿದೆ, ಹೇಳಿದ್ದಾರಲ್ಲ.

ಪ್ರೊಫೆಸರು ಬಗ್ಗಿ ನನ್ನ ಕಿವಿಯ ಹತ್ತಿರ ಕೇಳಿದರು: “ಅಮ್ಮಾ, ಇಂಕಿನಲ್ಲಿ ಹಾಕಿದ ಸಹಿ ಅಳಿಸುತ್ತದಾ?”

೨. ದೂರು ಬಾರದ ಪುಸ್ತಕ

ಇದು ಚಿಕ್ಕದು. ಪುಸ್ತಕದಂಗಡಿಯ ಏಜೆಂಟು ಒಂದು ಭೂಪಟದ ಪುಸ್ತಕ ತಂದಿದ್ದ. ತೆರೆದರೆ ನನ್ನ ಮೇಜೇ ಸಾಲದು, ಅಷ್ಟು ದೊಡ್ಡದು. ಪಟಗಳು ಸರಿಯಾಗಿವೆಯೋ ಇಲ್ಲವೋ ನನಗೆ ಅನುಮಾನ.

“ಮೇಡಂ, ನೀವು ನಂಬಿ. ಇಡೀ ಮದರಾಸಿನಲ್ಲಿ ಈ ಪುಸ್ತಕದ ಮೇಲೆ ಒಬ್ಬರೂ ದೂರು ಹೇಳಿಲ್ಲ” ಎಂದ.

ನಂಬಿದೆ. ಕೊಂಡೆವು. ಸಹಿಯಾಗಿ, ಮೊಹರು ಬಿದ್ದ ಮೇಲೆ ನೋಡಿದರೆ ಎಣ್ಣೂರಿನ ಕಡೆ ಇರಬೇಕಾದ ಸಮುದ್ರ ಒಳನಾಡಿನ ಕಾಂಚೀಪುರದ ಹತ್ತಿರ ಇತ್ತು. ಏಜೆಂಟನನ್ನು ಹಿಡಿದು, “ಯಾರೂ ದೂರು ಹೇಳಿಲ್ಲ ಅಂದೆಯಲ್ಲಪ್ಪ, ಎಷ್ಟು ಜನ ಕೊಂಡಿದ್ದಾರೆ?” ಎಂದು ಕೇಳಿದೆ.

“ನೀವೇ ಮೊದಲು, ಮೇಡಂ.”

೩. ನಲವತ್ತಮೂರನೇ ಪಟ

ಇನ್ನು ಜಡ್ಜು. ದೇವಸ್ಥಾನದ ಶಿಲ್ಪಗಳ ಮೇಲೆ ಒಂದು ಪುಸ್ತಕ ಬಂತು. ಒಳ್ಳೆಯ ಹೊಳಪಿನ ಕಾಗದ, ಪುಟಕ್ಕೊಂದು ದೊಡ್ಡ ಪಟ. ಅಪ್ಸರೆಯರು, ಮಿಥುನಗಳು, ಎಲ್ಲ ಕಲ್ಲಿನಲ್ಲಿ ಇದ್ದದ್ದು ಇದ್ದ ಹಾಗೇ. ಕಲೆಯ ಪುಸ್ತಕ, ಇದರಲ್ಲೇನು ಎಂದು ನಾನು ಮೇಜಿನ ಮೇಲಿಟ್ಟೆ.

ಜಡ್ಜು ತೆರೆದರು. ತೆರೆದವರು ಹಾವು ಕಂಡವರ ಹಾಗೆ ಕೈ ಹಿಂದಕ್ಕೆಳೆದರು.

“ಇದೇನಮ್ಮ ಇದು! ಹೆಣ್ಣುಮಕ್ಕಳು ಓದುವ ಜಾಗ ಇದು! ನೀವು ನೋಡಿ ತಂದಿದ್ದೀರಾ, ನೋಡದೆ ತಂದಿದ್ದೀರಾ?”

ನೋಡಿ ತಂದೆ ಅಂದರೂ ಕಷ್ಟ, ನೋಡದೆ ತಂದೆ ಅಂದರೂ ಕಷ್ಟ. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಇವರೊಂದು ಮಾತು ಹೇಳಿದರೆ ನಾಳೆಯಿಂದ ಮನೆಯಲ್ಲಿ ಅಪ್ಪಳ ಒತ್ತಬೇಕಾಗುತ್ತಿತ್ತು.

“ಹೀಗೆ ಅವಸರದಲ್ಲಿ ತೀರ್ಪು ಕೊಡಬಾರದು. ಎಷ್ಟರಮಟ್ಟಿಗೆ ಕೆಟ್ಟದಾಗಿದೆ ಎಂದು ಪೂರ್ತಿ ಪರಿಶೀಲಿಸಬೇಕು” ಎಂದು ಅವರು ಪುಸ್ತಕವನ್ನು ಖಾಕಿ ಕಾಗದದಲ್ಲಿ ಸುತ್ತಿಸಿಕೊಂಡು ಮನೆಗೆ ಒಯ್ದರು.

ಬೇಸಿಗೆ ಹೋಯಿತು, ಮಳೆ ಬಂತು, ನವರಾತ್ರಿಯ ಗೊಂಬೆಗಳನ್ನು ಇಳಿಸಿದ್ದೂ ಆಯಿತು. ಪುಸ್ತಕ ಬರಲಿಲ್ಲ. ಅಂಗಡಿಯವರು ಆಳಿನ ಮೇಲೆ ಆಳು ಕಳಿಸಿದರು. ಕೊನೆಗೆ ನಾನೇ ಧೈರ್ಯ ಮಾಡಿ ಮೈಲಾಪುರದ ಅವರ ಮನೆಗೆ ಹೋದೆ. ಬಾಗಿಲು ತೆಗೆದವರು ಅವರ ಹೆಂಡತಿ.

“ಪುಸ್ತಕವಾ? ಇದೆಯಮ್ಮ. ದಿನಾ ಊಟವಾದ ಮೇಲೆ ಪರಿಶೀಲಿಸುತ್ತಾರೆ. ಈಗ ಭೂತಗನ್ನಡಿ ಹುಡುಕುತ್ತಿದ್ದಾರೆ, ಕೂತುಕೊಳ್ಳಿ” ಎಂದರು.

ನಾನು ಕೂತೆ. ನಗಬಾರದು ಎಂದು ಸೆರಗು ಬಾಯಿಗೆ ಒತ್ತಿಕೊಂಡೆ. ಜಡ್ಜು ಬಂದರು. ಮುಖ ಕೋರ್ಟಿನಲ್ಲಿ ಇದ್ದ ಹಾಗೇ ಗಂಭೀರ.

“ಕೂಲಂಕಷವಾಗಿ ನೋಡಿದ್ದೇನೆ. ಈ ಪುಸ್ತಕ ಬೇಡ. ವಾಪಸು ಮಾಡಿ.”

“ಅಶ್ಲೀಲ ಎಂದು ಬರೆದುಕೊಳ್ಳಲೇ, ಸಾರ್?”

“ಛೆ ಛೆ, ಹಾಗಲ್ಲ. ನಲವತ್ತಮೂರನೇ ಪಟ ಮಸುಕಾಗಿದೆ. ಅಷ್ಟು ದುಡ್ಡು ತಗೊಂಡ ಮೇಲೆ ಸರಿಯಾಗಿ ಕಾಣಿಸಬೇಡವೇ?”

೪. ಉಪಯೋಗದ ಪುಸ್ತಕ

ಪ್ಯಾರೀಸ್ ಕಾರ್ನರಿನಲ್ಲಿ ಉಡುಪಿ ಕಡೆಯವರೊಬ್ಬರ ಹೋಟೆಲಿತ್ತು. ಯಜಮಾನರಿಗೆ ನಾನು ಕನ್ನಡದವಳು, ಪುಸ್ತಕದ ಕೆಲಸದವಳು ಎಂದು ಬಹಳ ಮರ್ಯಾದೆ. ಒಂದು ಭಾನುವಾರ ಹೇಳಿ ಕಳಿಸಿದರು. ಹೋದರೆ, ಗಲ್ಲಾ ಪೆಟ್ಟಿಗೆಯ ಪಕ್ಕ ಟೈ ಕಟ್ಟಿದ ಒಬ್ಬ ಏಜೆಂಟು ಕೂತಿದ್ದಾನೆ. ಅವನ ಮುಂದೆ ಇಂಗ್ಲಿಷ್ ವಿಶ್ವಕೋಶದ ಸಂಪುಟಗಳು ಇಡ್ಲಿ ತಟ್ಟೆಗಳ ಹಾಗೆ ಒಂದರ ಮೇಲೊಂದು.

“ಅಕ್ಕ, ಮಕ್ಕಳಿಗೆ ಅಂತ ಕೇಳ್ತಾ ಇದ್ದೇನೆ. ಲೋಕದಲ್ಲಿ ಇದ್ದದ್ದೆಲ್ಲ ಇದರಲ್ಲಿ ಉಂಟು ಅಂತ ಇವ್ರು ಹೇಳುದು. ತಗೊಳ್ಬಹುದಾ? ನೀವೊಮ್ಮೆ ಪರೀಕ್ಷೆ ಮಾಡಿ ಹೇಳಿ.”

ನಾನು ಮುದ್ರಣ ನೋಡಿದೆ, ಲೇಖಕರ ಪಟ್ಟಿ ನೋಡಿದೆ. ಅವರಿಗೆ ಅದು ಸಾಲಲಿಲ್ಲ. “ಅದೆಲ್ಲ ಇರ್ಲಿ. ದೋಸೆ ಉಂಟಾ ನೋಡಿ” ಎಂದರು.

ನೋಡಿದೆ. ದೋಸೆ ಇರಲಿಲ್ಲ. ಯಜಮಾನರು ಏಜೆಂಟನನ್ನು ನೋಡಿದ ನೋಟಕ್ಕೆ ಅವನು ಟೈ ಸಡಿಲಿಸಿಕೊಂಡ. “ಕಾಫಿ ಇದೆ ಸಾರ್, ಕಾಫಿ ಪುಟಗಟ್ಟಲೆ ಇದೆ” ಎಂದು ಬೇರೆ ಸಂಪುಟ ತೆಗೆದ. ನಾನು ಒಂದೊಂದೇ ವಾಕ್ಯ ಕನ್ನಡದಲ್ಲಿ ಹೇಳುತ್ತಾ ಹೋದೆ. ಯಜಮಾನರು ಕಣ್ಣುಮುಚ್ಚಿ, ಹರಿಕಥೆ ಕೇಳುವವರ ಹಾಗೆ ಕೇಳಿದರು. ಮುಗಿದ ಮೇಲೆ ಕಣ್ಣು ತೆರೆದು, “ಎಲ್ಲ ಹೇಳಿದ್ದಾನೆ ಮಾರಾಯ್ರೇ, ಡಿಕಾಕ್ಷನ್ ಒಂದು ಹೇಳಲಿಲ್ಲ!” ಎಂದರು. ಆದರೂ ನನ್ನ ಮುಖ ನೋಡಿ ಪೂರ್ತಿ ಸೆಟ್ಟು ಕೊಂಡರು. ಒಂದು ಮನೆಗೆ ಜ್ಞಾನದ ದೀಪ ಹಚ್ಚಿದೆ ಎಂದು ನಾನು ಉಬ್ಬಿಕೊಂಡು ಬಸ್ಸು ಹತ್ತಿದೆ.

ಆರೇಳು ತಿಂಗಳ ಮೇಲೆ ಆ ಹೋಟೆಲಿಗೆ ಟಿಫಿನ್ನಿಗೆ ಹೋದೆ. ಫ್ಯಾಮಿಲಿ ರೂಮಿನ ಪರದೆ ಸರಿಸಿದವಳು ಅಲ್ಲೇ ನಿಂತುಬಿಟ್ಟೆ. ಒಳಗೆ ನಾಲ್ಕೈದು ಪುಟ್ಟ ಮಕ್ಕಳು ಮೇಜಿನ ಎತ್ತರಕ್ಕೆ ಸರಿಯಾಗಿ ಕೂತು ದೋಸೆ ತಿನ್ನುತ್ತಿವೆ. ಒಂದೊಂದು ಮಗುವಿನ ಕೆಳಗೂ ವಿಶ್ವಕೋಶ! ‘ಸಿ’ ಸಂಪುಟದ ಮೈಮೇಲೆ ಸಾಂಬಾರು ಇಳಿಯುತ್ತಿದೆ.

ಯಜಮಾನರು ನಗುತ್ತಾ ಬಂದರು.

“ಬನ್ನಿ ಅಕ್ಕ, ಬನ್ನಿ! ನೀವು ಒಳ್ಳೇ ಪುಸ್ತಕವೇ ತೆಗೆಸಿಕೊಟ್ಟದ್ದು. ಸಣ್ಣ ಮಗುವಿಗೆ ಎರಡು ಬೇಕು. ‘ಎಸ್’ ದಪ್ಪ ಉಂಟು, ಒಂದೇ ಸಾಕು. ತಂದ ಮೇಲೆ ಇದು ಉಪಯೋಗಕ್ಕೆ ಬಾರದ ದಿವಸವೇ ಇಲ್ಲ. ಅಲ್ಲ, ನಿಮ್ಮ ಕಾಲೇಜಿನಲ್ಲಿಯೂ ಉಂಟಲ್ಲ, ಅಲ್ಲಿ ಎಷ್ಟು ಮಕ್ಕಳು ಉಪಯೋಗಿಸ್ತಾರೆ?”

ನಾನು ಕೂತು ಒಂದು ಮಸಾಲೆ ದೋಸೆ ಹೇಳಿದೆ.

೫. ದಂಡೆತ್ತಿ ಬಂದವರು

ಈಗ ಹೇಳುವುದು ನಮ್ಮ ಮನೆಯೊಳಗೇ ನಡೆದದ್ದು. ನಮ್ಮದು ತಿರುವಲ್ಲಿಕ್ಕೇಣಿಯಲ್ಲಿ ಮೂರು ತಲೆಮಾರಿನಿಂದ ಇದ್ದ ಕನ್ನಡದ ಮನೆ. ಅತ್ತೆಯವರ ಕನ್ನಡದಲ್ಲಿ ಅರ್ಧ ತಮಿಳು. ನನ್ನ ಮಗಳು ಕನ್ನಡದಲ್ಲಿ ಕೇಳಿಸಿಕೊಂಡು ತಮಿಳಿನಲ್ಲೇ ಉತ್ತರ ಕೊಡುವವಳು.

ಪರದೇಶದ ವಿದ್ವಾಂಸರೊಬ್ಬರು ದಕ್ಷಿಣ ಭಾರತದ ಹಳೆಯ ದೀಪಗಳ ಮೇಲೆ ಬರೆದ ಪುಸ್ತಕ ಅಪ್ರೂವಲ್‌ಗೆ ಬಂದಿತ್ತು. ಬಹಳ ಬೆಲೆಯದು. ಸಮಿತಿಗೆ ನನ್ನ ಅಭಿಪ್ರಾಯ ಬೇಕಿತ್ತು. ಕಾಲೇಜಿನಲ್ಲಿ ಪುರುಸೊತ್ತಿಲ್ಲವೆಂದು ಶನಿವಾರ ಮಧ್ಯಾಹ್ನ ಮನೆಗೆ ತಂದೆ. ಹಜಾರದಲ್ಲಿ ಕೂತು ಪುಟ ತಿರುಗಿಸುತ್ತಿದ್ದೆ. ಅತ್ತೆ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಆಗಾಗ ಪಟ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ಮೊರ ಮಗುಚಿ ಬಿತ್ತು.

“ಅಯ್ಯಯ್ಯೋ! ಏ ಇವಳೇ! ಇದು ನಮ್ಮಾತ್ತು ಕುತ್ತುವಿಳಕ್ಕು!”

ನಮ್ಮ ಮನೆಯ ದೀಪದ ಕಂಬವಂತೆ. ಪುಟದ ತುಂಬ ಅದೊಂದೇ, ಕಪ್ಪು ಹಿನ್ನೆಲೆಯಲ್ಲಿ, ರಾಜನ ಹಾಗೆ ನಿಂತಿದೆ. ತುದಿಯಲ್ಲಿ ಒಂದು ಹಂಸ. ಹಂಸದ ಕೊಕ್ಕು ಎಡಗಡೆಗೆ ಸೊಟ್ಟ.

“ಸುಮ್ಮನಿರಿ ಅತ್ತೆ, ಒಂದೇ ಥರದ್ದು ಎಷ್ಟೋ ಇರುತ್ತವೆ” ಎಂದೆ.

“ಆ ಸೊಟ್ಟ ಮೂಗು ನನಗೆ ತೆರಿಯದಾ? ನಿತ್ಯ ಹುಣಿಸೆಹಣ್ಣು ಹಾಕಿ ತಿಕ್ಕಿದವಳು ನಾನು! ಕೆಳಗಿನ ತಟ್ಟೆ ನೋಡು, ಅಂಚಿನಲ್ಲಿ ಮೂರು ಏಟು ಇರಬೇಕು.”

ನೋಡಿದೆ. ಮೂರು ಏಟು ಇದ್ದವು.

ಆಮೇಲೆ ಕಥೆ ಹೊರಗೆ ಬಂತು. ನಾನು ಈ ಮನೆಗೆ ಬರುವ ಸ್ವಲ್ಪ ಮೊದಲು, ಬೀದಿಯಲ್ಲಿ ಬಂದ ಪಾತ್ರೆಯವನು ಹಳೇ ಹಿತ್ತಾಳೆ ತಗೊಂಡು ಹೊಸ ಎವರ್‌ಸಿಲ್ವರ್, ಅಂದರೆ ಸ್ಟೀಲು ಪಾತ್ರೆ, ಕೊಡುತ್ತೇನೆ ಎಂದನಂತೆ. ಆಗ ಎವರ್‌ಸಿಲ್ವರ್ ಎಂದರೆ ಹೆಂಗಸರಿಗೆಲ್ಲ ಹುಚ್ಚು. ಅತ್ತೆ ದೀಪದ ಕಂಬ ಕೊಟ್ಟು ಒಂದು ಕೊಡ, ಒಂದು ಟಿಫಿನ್ ಕ್ಯಾರಿಯರ್ ತಗೊಂಡರು. ಆ ಕ್ಯಾರಿಯರಿನಲ್ಲೇ ನನ್ನ ಗಂಡ ಅವತ್ತಿಗೂ ಆಫೀಸಿಗೆ ಮೊಸರನ್ನ ಒಯ್ಯುತ್ತಿದ್ದದ್ದು.

“ಏನು ಬರೆದಿದ್ದಾನೆ ಓದು” ಎಂದರು ಅತ್ತೆ.

ಓದಿ ಕನ್ನಡದಲ್ಲಿ ಹೇಳಿದೆ: “ನಾನೂರು ವರ್ಷ ಹಿಂದಿನದು, ಹಾಳುಬಿದ್ದ ಒಂದು ದೊಡ್ಡ ದೇವಸ್ಥಾನದ ಗರ್ಭಗುಡಿಯಿಂದ ಬಂದಿರಬೇಕು ಅಂತೆ.”

“ಯಾವ ಗರ್ಭಗುಡಿ? ನನ್ನ ಮದುವೆಗೆ ನಮ್ಮಪ್ಪ ಕುಂಭಕೋಣದ ಪಾತ್ರೆ ಅಂಗಡಿಯಲ್ಲಿ ಹೊಸದಾಗಿ ಕೊಂಡದ್ದು! ಆ ಏಟಿಗೆ ಏನು ಹೇಳುತ್ತಾನೆ?”

“ಕೊಕ್ಕು ಸೊಟ್ಟಾಗಿರುವುದೂ ಅಂಚಿನ ಏಟುಗಳೂ ಗಮನಿಸತಕ್ಕವು ಅಂತೆ. ದಂಡೆತ್ತಿ ಬಂದ ಸೈನಿಕರು ದೇವಸ್ಥಾನ ಕೊಳ್ಳೆ ಹೊಡೆಯುವಾಗ ಕತ್ತಿಯಿಂದ, ಇಲ್ಲವೇ ಗದೆಯಿಂದ ಹೊಡೆದ ಗುರುತು ಅಂತೆ. ಆ ಕಾಲದ ಕ್ರೌರ್ಯಕ್ಕೆ ಮೂಕ ಸಾಕ್ಷಿ ಅಂತೆ.”

ಅತ್ತೆ ಹಣೆ ಹಣೆ ಬಡಿದುಕೊಂಡರು.

“ಕತ್ತಿಯೂ ಅಲ್ಲ, ಗದೆಯೂ ಅಲ್ಲವೇ! ನಿನ್ನ ಗಂಡ ಮಾಡಿದ್ದು! ಚಿಕ್ಕವನಿದ್ದಾಗ ಹಿತ್ತಲ ಬಾದಾಮಿ ಮರದ ಕಾಯಿ ಒಡೆಯುವುದಕ್ಕೆ ಕಲ್ಲು ಸಿಗಲಿಲ್ಲ ಅಂತ ದೀಪದ ಕಂಬವನ್ನೇ ಎತ್ತಿಕೊಂಡು ಹೋಗಿ ಕುಟ್ಟಿದ. ಬೆನ್ನಿಗೆ ನಾಲ್ಕು ಬಿಟ್ಟೆ ಅವತ್ತು!”

ಮೂಲೆಯಲ್ಲಿ ಪಾಠ ಓದುತ್ತಿದ್ದ ನನ್ನ ಮಗಳು ತಲೆಯೆತ್ತಿ, ಕಣ್ಣು ಅಗಲಿಸಿ ಕೇಳಿದಳು: “ಪಾಟ್ಟಿ, ಅಪ್ಪಾವಾ ಪಡೆಯೆಡುತ್ತಾರು?” ಅಜ್ಜಿ, ದಂಡೆತ್ತಿ ಬಂದದ್ದು ಅಪ್ಪನಾ ಎಂದು.

ಇಂಥ ಪುಸ್ತಕ ಕಾಲೇಜಿಗೆ ಬೇಡವೆಂದು ಅಲ್ಲೇ ತೀರ್ಮಾನಿಸಿದೆ. ಹಾಗಂದ ಕೂಡಲೇ ಅತ್ತೆಯ ಮುಖ ಬಾಡಿತು. “ತಪ್ಪು ಬರೆದಿದ್ದಾನೆ ಶೆರಿ. ಆದರೆ ವಿಳಕ್ಕಂತೂ ನಮ್ಮದೇ ಅಲ್ಲವಾ? ಪಟದಲ್ಲಾದರೂ ಆಗಾಗ ನೋಡಬಹುದಿತ್ತು” ಎಂದು ಪಟದ ಹಂಸದ ಮೇಲೆ ಮೆಲ್ಲಗೆ ಬೆರಳಾಡಿಸಿದರು. ತಕ್ಷಣ, “ಥೂ, ಎಷ್ಟು ದಿನದಿಂದ ತಿಕ್ಕಿಲ್ಲವೋ, ಹೇಗೆ ಕರ್ರಗೆ ಇಟ್ಟಿದ್ದಾರೆ!” ಎಂದರು. ಕೊನೆಗೆ ಕಾಲೇಜು ಬೇಡವೆಂದ ಆ ಪುಸ್ತಕವನ್ನು ನನ್ನ ಗಂಡನೇ ಕೊಂಡು ತಾಯಿಗೆ ಕೊಡಬೇಕಾಯಿತು. ಮದರಾಸಿನಲ್ಲಿ ಅಂಥ ಪುಸ್ತಕವನ್ನು ದೇವರಮನೆಯಲ್ಲಿ ಇಟ್ಟದ್ದು ನಮ್ಮ ಮನೆಯೊಂದೇ ಇರಬೇಕು. ಅದು ಆಮೇಲಿನ ಮಾತು.

ಆ ಸಂಜೆ ನನ್ನ ಗಂಡ ಎಂದಿನಂತೆ ಹಾರ್ಬರಿನ ಆಫೀಸಿನಿಂದ ಬಂದರು. ಕೊಡೆ ಮೂಲೆಗೆ ಒರಗಿಸಿದರು, ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು, ಉಸ್ಸೆಂದು ಕುರ್ಚಿಯಲ್ಲಿ ಕೂತರು. ನಾವು ಮೂವರು ಹೆಂಗಸರು ಸಾಲಾಗಿ ನಿಂತು ಅವರನ್ನೇ ನೋಡುತ್ತಿದ್ದೆವು. ಅವರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಏನೂ ತಿಳಿಯಲಿಲ್ಲ.

“ಯಾಕೆ ಎಲ್ಲ ಹೀಗೆ ನೋಡ್ತಿದ್ದೀರಿ? ಒಂದು ಲೋಟ ಕಾಫಿ ಸಿಕ್ಕುತ್ತಾ?” ಎಂದರು.

ಅತ್ತೆ ನನ್ನ ಕಡೆ ತಿರುಗಿ ಹೇಳಿದರು: “ಕೊಡೇ, ಬಿಸಿಯಾಗಿ ಕೊಡು. ಪಾವಂ, ದೇವಸ್ಥಾನ ಕೊಳ್ಳೆ ಹೊಡೆದು ಸುಸ್ತಾಗಿ ಬಂದಿದ್ದಾನೆ!”