ಕಂಬಳಿ ಹೊದ್ದ ಪಾಳೆಯಗಾರ

ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಡುವವನು ತೆಪ್ಪಗೆ ಪಾಠ ಮಾಡಿಕೊಂಡಿರಬೇಕು. ಆಯಾ ಕಾಲದ ಉಡುಪೇ ಆಗಬೇಕು ಅಂತ ಹಟ ಹಿಡಿದು ಸ್ತಬ್ಧಚಿತ್ರ ಮಾಡಿಸೋಕೆ ಹೋದನೋ, ವರ್ಷಕ್ಕೊಂದು ಫಜೀತಿ ಗ್ಯಾರಂಟಿ. ನಾನು ಹೋದೆ.

ಗುಬ್ಬಿಯಲ್ಲಿ

ತೊಂಬತ್ತರ ದಶಕದ ಒಂದು ರಾಜ್ಯೋತ್ಸವ. ಕೆರೆ ಏರಿಯ ವೀರಗಲ್ಲು ನೋಡಿ ನಮ್ಮ ಪಾಳೆಯಗಾರನಿಗೆ ಕಚ್ಚೆ ಪಂಚೆ, ರುಮಾಲು ಕಟ್ಟಿಸಿ, ಹೆಗಲಿಗೆ ಕರಿ ಕಂಬಳಿ ಹಾಕಿಸಿದ್ದೆ. ಕಲ್ಲಿನಲ್ಲಿ ಅಂಗಿ ಇರಲಿಲ್ಲ, ಇವನಿಗೂ ಇಲ್ಲ. ಪಾಳೆಯಗಾರನಾಗಿದ್ದವನು ನಮ್ಮ ಶಾಲೆಯ ಅಟೆಂಡರ್. ಬಸ್ ಸ್ಟ್ಯಾಂಡ್ ಹತ್ತಿರ ಒಬ್ಬ ಅಜ್ಜಿ ನಮ್ಮ ಸ್ತಬ್ಧಚಿತ್ರದ ಟ್ರ್ಯಾಕ್ಟರ್ ನಿಲ್ಲಿಸಿ, ಅಂಗಿಗೂ ಗತಿ ಇಲ್ಲದ ರಾಜನ್ನ ಎಲ್ಲಿಂದ ಹಿಡ್ಕಂಡ್ ಬಂದ್ರಿ ಅಂತ ನನ್ನನ್ನೇ ಬೈದು, ಮಗನ ಟೆರಿಕಾಟ್ ಶರ್ಟು ಕೊಟ್ಟರು. ನಾನು ವೀರಗಲ್ಲಿನ ವಿಷಯ ಬಿಡಿಸಿ ಹೇಳುವಷ್ಟರಲ್ಲಿ ಪಾಳೆಯಗಾರ ಶರ್ಟಿನ ಗುಂಡಿ ಹಾಕಿಕೊಂಡಿದ್ದ.

ಕುಣಿಗಲ್ಲಿನಲ್ಲಿ

ಅಲ್ಲಿಗೆ ವರ್ಗವಾದ ಮೇಲೆ ಒಂದು ಸಲ ರಾಣಿಗೆ ಮಗ್ಗದ ಸೀರೆ ಉಡಿಸಿದ್ದೆ. ರಾಣಿಯಾದ ಹುಡುಗಿಯ ಅಮ್ಮ ಕೊತ್ತಗೆರೆಯಿಂದ ಫಳಫಳ ಹೊಳೆಯೋ ನೈಲಾನ್ ಸೀರೆ ತಂದು ಜಗಳಕ್ಕೆ ನಿಂತರು. ಆ ಕಾಲಕ್ಕೆ ನೈಲಾನ್ ಹುಟ್ಟೇ ಇರಲಿಲ್ಲ ಕಣಮ್ಮ ಅಂದೆ.

"ಅದು ನಮ್ಮಂಥೋರ ಮನೇಲಿ ಸಾರ್. ರಾಜ್ರ ಮನೆಗೆ ಎಲ್ಲಾ ಮೊದ್ಲೇ ಬಂದಿರ್ತದೆ."



ತುಮಕೂರಿನಲ್ಲಿ

ಎರಡು ಸಾವಿರದ ಮೇಲಿನ ಮಾತು; ನಾನು ಮತ್ತೆ ಗುಬ್ಬಿ ಶಾಲೆಗೇ ಬಂದಿದ್ದೆ, ಇದು ಜಿಲ್ಲಾ ಸ್ಪರ್ಧೆ. ಜನ ನಕ್ಕಿದ್ದು ಸಾಕು, ಈ ಸಲ ಬಹುಮಾನ ಬರದಿದ್ದರೆ ಮುಂದಿನ ವರ್ಷದಿಂದ ನಾಟಕದ ಡ್ರೆಸ್ ಅಂಗಡಿಯದ್ದೇ ಬಟ್ಟೆ, ಉಸ್ತುವಾರಿ ಡ್ರಿಲ್ ಮೇಷ್ಟ್ರಿಗೆ ಅಂದುಬಿಟ್ಟರು ಹೆಡ್ಮಾಸ್ಟರು.

ಸ್ಟೇಡಿಯಮ್ಮಿಗೆ ತೀರ್ಪುಗಾರರು ಬರೋ ಹೊತ್ತಿಗೆ ಸರಿಯಾಗಿ ಮಳೆ ಹೊಡೀತು. ಬೇರೆ ಶಾಲೆಗಳ ರಾಜರು ಬಾಡಿಗೆಗೆ ತಂದಿದ್ದ ವೆಲ್ವೆಟ್ ಕೋಟಿನ ಬಣ್ಣ ಕಾಲಿಗಿಳೀತು, ರಟ್ಟಿನ ಕಿರೀಟ ಮೂಗಿನ ಮೇಲೆ ಕುಸೀತು. ಎಲ್ಲ ರಾಜರೂ ಸಿಂಹಾಸನ ಬಿಟ್ಟು ಓಡಿದರು. ನಮ್ಮ ಅಟೆಂಡರ್ ಮಾತ್ರ ತನ್ನ ಮನೆಯದೇ ಕಂಬಳೀನ ಕೊಪ್ಪೆ ಮಾಡಿ ತಲೆ ಮೇಲೆಳೆದುಕೊಂಡು, ಮೀಸೆ ತಿರುವುತ್ತಾ ಕೂತಿದ್ದ. ಮೊದಲನೇ ಬಹುಮಾನ ನಮಗೇ ಬಂತು. ಖುಷಿಗೆ ನಾನು ಹೆಡ್ಮಾಸ್ಟರ ಕೈ ಹಿಡಿದು ಕುಲುಕಿದ್ದೇ ಕುಲುಕಿದ್ದು.

ಬಹುಮಾನ ತಗೊಳ್ಳೋಕೆ ಹೊರಟ ಅಟೆಂಡರನ್ನು ವೇದಿಕೆಯ ಮೆಟ್ಟಿಲ ಹತ್ತಿರ ಪೊಲೀಸಪ್ಪ ತಡೆದ. ರಾಜರು ಬರ್ತಾವ್ರೆ, ಪಕ್ಕಕ್ಕೋಗು ಅಂದ. ಆ ರಾಜ ನಾನೇ ಅಂದಿದ್ದಕ್ಕೆ ಮೇಲಿಂದ ಕೆಳಗೆ ನೋಡಿ, ಮತ್ತೆ ಕಿರೀಟ ಎಲ್ಲಿ ಅಂತ ಕೇಳಿದ.

ಅಟೆಂಡರ್ ಅತ್ತ ಬಣ್ಣ ಹಿಂಡಿಕೊಳ್ಳುತ್ತಿದ್ದ ರಾಜರ ಕಡೆ ಕೈ ತೋರಿಸಿದ.

"ಅವ್ರೆಲ್ಲ ಬಾಡ್ಗೆ ರಾಜ್ರು ಕಣಣ್ಣ. ನಾನು ಸ್ವಂತದವ್ನು."