ಚಳಿಗೆ ಭಾರವಾದ ಸೈಕಲ್ಲು

ಶಿವರಾಮುವಿನ ಸೈಕಲ್ಲು ದಸರಾ ಮುಗಿಯುವವರೆಗೆ ಹಗುರವಾಗಿಯೇ ಇತ್ತು. ದೀಪಾವಳಿ ಕಳೆದು ಚಳಿ ಬಿದ್ದದ್ದೇ ತಡ, ಅದಕ್ಕೆ ಏನೋ ಬಡಿದುಕೊಂಡಿತು.

ಮಂಡ್ಯದ ಮನೆಯಿಂದ ಗೆಜ್ಜಲಗೆರೆಯ ಫ್ಯಾಕ್ಟರಿಗೆ ಹೋಗಿಬರಲೆಂದು ಅವನು ಕೊಂಡಿದ್ದು ರೇಸ್ ಸೈಕಲ್ಲು. ಹ್ಯಾಂಡಲ್ಲು ಟಗರಿನ ಕೊಂಬಿನಂತೆ ಕೆಳಕ್ಕೆ ಸುತ್ತಿಕೊಂಡಿತ್ತು. ಟೈರು ಹೆಬ್ಬೆರಳಿನಷ್ಟು ದಪ್ಪ, ಸೀಟು ಮಾವಿನ ವಾಟೆಯಷ್ಟು ಅಗಲ. ಮಡ್‌ಗಾರ್ಡು, ಸ್ಟ್ಯಾಂಡು, ಕ್ಯಾರಿಯರ್ ಒಂದೂ ಇಲ್ಲ. "ಇಷ್ಟು ದುಡ್ಡು ಸುರಿದು ಅರ್ಧ ಸೈಕಲ್ ತಂದಿದ್ದೀರಲ್ರೀ" ಎಂದು ಹೆಂಡತಿ ಶಾಲಿನಿ ಮೊದಲ ದಿನವೇ ಕೇಳಿದ್ದಳು. ಮದ್ದೂರಿನಲ್ಲಿದ್ದ ಅವಳ ತಮ್ಮ ಅಶೋಕ ಮಾತ್ರ ಅದನ್ನು ಮೂರು ಸುತ್ತು ಬಂದು, ಸವರಿ, "ಭಾವ, ಬೇಡ ಅನ್ನಿಸಿದ ದಿನ ನನಗೆ ಹೇಳಿ" ಎಂದಿದ್ದ.

ಮಳೆಗಾಲದಲ್ಲಿ ಹಾರಿದ ಸೈಕಲ್ಲು ಡಿಸೆಂಬರಿನಲ್ಲಿ ಕೆಸರುಗದ್ದೆಗೆ ಇಳಿದ ಎಮ್ಮೆಯಾಯಿತು. ಹೋದ ಗುರುವಾರವಂತೂ ಶಿವರಾಮು ಅರ್ಧ ದಾರಿಯಲ್ಲಿ ಕೈಚೆಲ್ಲಿ, ಅವರೆಕಾಯಿ ಮೂಟೆ ಹೇರಿದ್ದ ಲಗೇಜ್ ಆಟೋವೊಂದರ ಮೇಲೆ ಸೈಕಲ್ಲನ್ನು ಮಲಗಿಸಿ, ತಾನು ಡ್ರೈವರನ ಪಕ್ಕ ಕೂತು ಮನೆಗೆ ಬಂದ. ಶಾಲಿನಿ ಚಕ್ರಕ್ಕೆ ಸಿಕ್ಕಿಕೊಂಡಿದ್ದ ಅವರೆಕಾಯಿಗಳನ್ನು ಒಂದೊಂದಾಗಿ ಬಿಡಿಸಿ ಮೊರಕ್ಕೆ ಹಾಕಿಕೊಂಡಳು. ರಾತ್ರಿ ಮುದ್ದೆಯ ಮೇಲೆ ಹಿತಕಿದ ಬೇಳೆ ಸಾರು ಬಡಿಸುವಾಗ ತೀರ್ಪು ಕೊಟ್ಟಳು.

"ಇದೊಂದ್ ಸಲ ಬಿಟ್ಟಿದ್ದೀನಿ. ಇನ್ನೊಂದ್ ಸಲ ಇದೇನಾದ್ರೂ ಆಟೋ ಹತ್ಕೊಂಡು ಮನೆಗೆ ಬಂದ್ರೆ, ಅದೇ ಆಟೋದಲ್ಲಿ ಅಶೋಕನ ಮನೆಗೆ ಹೋಗುತ್ತೆ."

"ತೊಂದರೆ ನನ್ನದಲ್ಲ ಕಣೆ, ಸೈಕಲ್ದು" ಎಂದ ಶಿವರಾಮು. "ಹೈಸ್ಕೂಲಲ್ಲಿದ್ದಾಗ, ಇದೇ ಮಾರ್ಗಶಿರದ ಚಳಿಲಿ, ನಮ್ಮೂರಿಂದ ಮಳವಳ್ಳಿಗೆ..."

"ಮಹದೇವುನ್ನ ಡಬಲ್ಸ್ ಹಾಕ್ಕೊಂಡು ಹೋಗ್ತಿದ್ರಿ. ಕಬ್ಬಿಣದ ಸೈಕಲ್ಲು. ಕೆರೆ ಏರಿ. ಕಾಲು ತಾನಾಗೇ ತಿರುಗ್ತಿತ್ತು. ಸಾರು ಆರೋಗುತ್ತೆ, ಉಣ್ಣಿ."

ಅವಳು ಕುಹಕವಾಡಿದರೂ ಶಿವರಾಮುವಿಗೆ ಅದು ಸತ್ಯವಾಗಿತ್ತು. ಕಣ್ಣು ಮುಚ್ಚಿದರೆ ಎಲ್ಲವೂ ಇದ್ದಲ್ಲೇ ಇತ್ತು. ಅಕ್ಕಪಕ್ಕದ ಗದ್ದೆಗಳ ಮೇಲೆ ಮಂಜು. ಆಲೆಮನೆಯಿಂದ ಬರುವ ಬಿಸಿ ಬೆಲ್ಲದ ವಾಸನೆ. ಜೊತೆಗೆ ಓದುತ್ತಿದ್ದ ಮಹದೇವುವಿನ ಕಾಫಿಪುಡಿ ಬಣ್ಣದ ಸ್ವೆಟರು, ಅದರ ಬೆನ್ನಿನಲ್ಲಿ ನಾಲ್ಕಾಣೆಯಗಲದ ತೂತು, ತೂತಿನೊಳಗೆ ಇಣುಕುವ ಯೂನಿಫಾರಮ್ಮಿನ ನೀಲಿ. ಮತ್ತೆ ಬೆಣ್ಣೆಯಲ್ಲಿ ಅದ್ದಿದಂತೆ ಸುತ್ತುವ ತನ್ನ ಎರಡು ಕಾಲು. ಏರಿ ಬಂದರೂ ಒಂದೇ, ಇಳಿಜಾರು ಬಂದರೂ ಒಂದೇ. ಈಗ ನಲವತ್ತೈದಕ್ಕೆ ಅದೇ ಕಾಲು ಅಷ್ಟು ಹಗುರದ ಸೈಕಲ್ಲನ್ನು ತುಳಿಯಲಾರದೆಂದರೆ, ತಪ್ಪು ಸೈಕಲ್ಲಿನದ್ದೇ ಆಗಿರಬೇಕು. ಇಲ್ಲವಾದರೆ ಆ ಹುಡುಗ ಸತ್ತುಹೋಗಿದ್ದಾನೆ ಎಂದರ್ಥ. ಅದನ್ನು ಒಪ್ಪಲು ಅವನು ತಯಾರಿರಲಿಲ್ಲ.

ಶನಿವಾರ ಬೆಳಿಗ್ಗೆ ಸೈಕಲ್ಲನ್ನು ಹೊರಕ್ಕೆ ತಳ್ಳಿದಾಗ, ಕಾಂಪೌಂಡಿನಾಚೆ ಮಂಕಿಕ್ಯಾಪ್ ಹಾಕಿಕೊಂಡು ಪೇಪರು ಹಿಡಿದು ನಿಂತಿದ್ದವರು ಪಕ್ಕದ ಮನೆಯ ಕೆಂಪಸಿದ್ದಯ್ಯ ಮೇಷ್ಟ್ರು. ಫಿಸಿಕ್ಸ್ ಪಾಠ ಮಾಡಿ ರಿಟೈರ್ ಆದವರು. ಪಾಠ ಮಾತ್ರ ರಿಟೈರ್ ಆಗಿರಲಿಲ್ಲ.

"ನೋಡಪ್ಪಾ ಶಿವರಾಮು, ಸೈಕಲ್ಲಿಗೆ ಏನೂ ಆಗಿಲ್ಲ. ಚಳಿಗೆ ಗಾಳಿ ಕುಗ್ಗಿ ಮಂದ ಆಗ್ತದೆ. ಬೇಸಿಗೇಲಿ ನೀನು ಮಜ್ಜಿಗೇಲಿ ಈಜ್ತಿದ್ದೆ ಅಂದ್ಕೊ, ಈಗ ಮೊಸರಲ್ಲಿ ಈಜ್ತಿದ್ದೀಯ. ಅದರ ಮೇಲೆ ಈ ಜರ್ಕಿನ್ ಬೇರೆ! ಅದು ಪ್ಯಾರಾಚೂಟ್ ಕಣಯ್ಯ. ತೆಗಿ."

"ಚಳಿ ಸಾ."

"ತುಳಿದ್ರೆ ಶಾಖ ತಾನಾಗೇ ಬರುತ್ತೆ. ತೆಗಿ ಅಂದೆ."

ಮೇಷ್ಟ್ರು ಜರ್ಕಿನ್ ಬಿಚ್ಚಿಸಿ ತಮ್ಮ ಕಾಂಪೌಂಡಿನ ಮೇಲೆ ನೇತುಹಾಕಿದರು. ಶರ್ಟು ಗಾಳಿ ಹಿಡಿಯಬಾರದೆಂದು ಹೊಟ್ಟೆಗೆ ಸೆಣಬಿನ ಹುರಿ ಕಟ್ಟಿದರು. ಪ್ಯಾಂಟಿನ ಕಾಲುಗಳಿಗೂ ಕಟ್ಟಿದರು. "ಈಗ ತಲೆ ತಗ್ಗಿಸಿ ಹ್ಯಾಂಡಲ್ ಮೇಲೆ ಮಲಗು. ಗಾಳಿಗೆ ನೀನು ಕಾಣಬಾರದು."

ಅಳತೆ ತಪ್ಪಿ ಕಟ್ಟಿದ ಹಿಟ್ಟಿನ ಚೀಲದಂತೆ ಶಿವರಾಮು ಹೊರಟ. ಹೆದ್ದಾರಿಯ ಪಕ್ಕದ ಸರ್ವೀಸ್ ರಸ್ತೆಯ ತುಂಬ ಮಂಜು. ಗಾಳಿಗೆ ಅವನು ಕಾಣಲಿಲ್ಲವೋ ಏನೋ, ಅವನಿಗಂತೂ ರಸ್ತೆ ಕಾಣಲಿಲ್ಲ. ತಲೆ ತಗ್ಗಿಸಿಕೊಂಡು ಹೋದವನು ಕಬ್ಬಿನ ಗಾಡಿಯೊಂದರ ಹಿಂಭಾಗಕ್ಕೆ ನೇರವಾಗಿ ನುಗ್ಗಿದ. ಸೋಗೆ ಮುಖವನ್ನೆಲ್ಲ ಸವರಿತು.

ಗಾಡಿಯವನು ಎತ್ತು ನಿಲ್ಲಿಸಿ ಇಳಿದು ಬಂದ. ಹುರಿ ಕಟ್ಟಿದ ಹೊಟ್ಟೆಯನ್ನು ಒಂದು ಗಳಿಗೆ ನೋಡಿದ. "ಯಾಕ್ ಸಾಮಿ, ನಿದ್ದೆ ಬಂದಿದ್ರೆ ಮನೇಲೇ ಮಲಗಬಾರ್ದಾ?"

ಸೈಕಲ್ಲು ತಳ್ಳಿಕೊಂಡು ಅವನು ಮುಂದಿನ ಪಂಚರ್ ಅಂಗಡಿ ತಲುಪಿದ. ಅಂಗಡಿಯ ಮರಿಯಯ್ಯ ಹಳೆ ಟೈರು ಸುಟ್ಟು ಬೆಂಕಿ ಕಾಯಿಸುತ್ತಿದ್ದ. ಟೈರು ಅಮುಕಿ ನೋಡಿ, "ಗಾಳಿ ಇಳ್ದೈತೆ. ಚಳಿಗೆ ಮನುಸ್ರೇ ಮುದುರ್ಕತಾರೆ, ಗಾಳಿ ಮುದುರಲ್ವಾ?" ಎಂದು ಟೈರು ಕಲ್ಲಿನಂತಾಗುವವರೆಗೆ ಪಂಪು ಹೊಡೆದ. ಆಮೇಲೆ ಬಗ್ಗಿ ಚೈನಿಗೆ ಬೆರಳು ಹಾಕಿದ. ಬೆರಳಿನ ತುದಿಗೆ ಬೆಳ್ಳಗೆ ಏನೋ ಮೆತ್ತಿಕೊಂಡು ಬಂತು. ಮೂಸಿದ.

"ಸಾ... ಇದೇನು ಕೊಬ್ರಿ ಎಣ್ಣೆ ವಾಸ್ನೆ?"

ಶಿವರಾಮು ಕೆಮ್ಮಿದ. "ನಮ್ಮಜ್ಜಿ ಪಟ್ಟಲಮ್ಮ ಮೊದಲಿಂದ್ಲೂ ಅದನ್ನೇ ಬಿಡ್ತಿತ್ತು. ನಮ್ಮ ತಲೆಗೆ ಹಚ್ಚಿ ಉಳಿದಿದ್ದು ಸೈಕಲ್ಲಿಗೆ. ಮಹದೇವು ಸೈಕಲ್ಲು ಬಾಗಿಲಿಗೆ ಬಂದ್ರೆ ಸಾಕು, ಬಾಟ್ಲಿ ಹಿಡ್ಕೊಂಡು ಬರ್ತಿತ್ತು."

"ಚಳಿಗೆ ಬಾಟ್ಲಿಲೇ ಗಟ್ಟಿ ಆಯ್ತದೆ, ಚೈನಲ್ಲಿ ಆಗಲ್ವಾ? ನೀವು ತುಳೀತಿರೋದು ಸೈಕಲ್ ಅಲ್ಲ ಸಾ, ಸಾಬೂನು!"

ಮರಿಯಯ್ಯನ ನಗು ಬೆಂಕಿ ಕಾಯಿಸಲು ಬಂದಿದ್ದವರಿಗೆಲ್ಲ ಹಬ್ಬಿತು. ಶಿವರಾಮುವಿಗೆ ಮಾತ್ರ ಆನಂದವಾಯಿತು. ಸಿಕ್ಕಿತಲ್ಲ ಕಾರಣ! ಮರಿಯಯ್ಯ ಚೈನನ್ನು ಡೀಸೆಲ್ಲಿನಲ್ಲಿ ತೊಳೆದು, ಹೊಸ ಎಣ್ಣೆ ಬಿಟ್ಟು, ಚಕ್ರ ಎತ್ತಿ ಪೆಡಲ್ ತಿರುಗಿಸಿದ. ಅದು ಜಾತ್ರೆಯ ಗಿರಗಿಟ್ಲೆಯಂತೆ ಸುತ್ತಿತು. ಶಿವರಾಮು ಹತ್ತಿ ತುಳಿದ. ಮತ್ತದೇ ಎಮ್ಮೆ, ಮತ್ತದೇ ಕೆಸರು.

ಫ್ಯಾಕ್ಟರಿ ಗೇಟಿನಲ್ಲಿ ಕಾದಿದ್ದವನು ಸ್ಟೋರ್ಸಿನ ಚಲುವರಾಜು. ವಯಸ್ಸಿನಲ್ಲಿ ಚಿಕ್ಕವನು, ನಾಲಿಗೆಯಲ್ಲಿ ಎಲ್ಲರಿಗೂ ಹಿರಿಯ. "ಅಣ್ಣ, ನೀವು ಬೇಗ ಬರ್ಲಿ ಅಂತ ಸೈಕಲ್ ತಗೊಂಡ್ರೋ, ಲೇಟಾಗಿ ಬರ್ಲಿ ಅಂತ ತಗೊಂಡ್ರೋ? ಎಲ್ಲಿ, ಕೊಡಿ ಇಲ್ಲಿ" ಎಂದು ಸೈಕಲ್ಲು ಕಸಿದು ಹತ್ತಿ, ಲಾರಿಗಳ ಮಧ್ಯೆ ಎರಡು ಸುತ್ತು ಹೊಡೆದು ಬಂದ. "ಸೈಕಲ್ ಬೆಣ್ಣೆ ಆಗೈತೆ. ಅವರೆಕಾಯಿ ಕಾಲದಲ್ಲಿ ಏನ್ ತಿಂದ್ರಿ, ಅದು ಹೇಳಿ."

"ಎಲ್ಲರೂ ತಿನ್ನೋದೇ ತಿಂದೆ."

"ಎಷ್ಟ್ ತಿಂದ್ರಿ ಅಂತ ಇಲ್ಲಿ ಗೊತ್ತಾಯ್ತದೆ ಬನ್ನಿ." ಮೂಟೆ ತೂಗುವ ತಕ್ಕಡಿಯ ಮೇಲೆ ಅವನನ್ನು ಹತ್ತಿಸಿದರು. ತೂಕ ಕಂಡ ಚಲುವರಾಜು ಜೋರಾಗಿ ಓದಿ ಹೇಳಲಿಲ್ಲ. ಸುಮ್ಮನೆ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಮಿಕ್ಕವರೂ ತೆಗೆದರು.

ಶಿವರಾಮುವಿಗೆ ಸಹಿಸಲಾಗಲಿಲ್ಲ. "ಲೋ, ಭಾರ ಅಂದ್ರೇನು ಅಂತ ನನಗೆ ಹೇಳ್ಕೊಡ್ತೀರೇನ್ರೋ? ಮಹದೇವು ಅಂಥ ಆಳನ್ನ ಹಿಂದೆ ಕೂರಿಸ್ಕೊಂಡು ಮಳವಳ್ಳಿ ಏರಿ ಹತ್ತಿಸಿದೋನು ನಾನು."

"ಯಾರಣ್ಣ ನೋಡಿದೋರು?"

"ಅವನೇ ಇದಾನೆ, ಕೇಳು!" ಶಿವರಾಮು ಅಲ್ಲೇ ಫೋನು ತೆಗೆದ. ಮಹದೇವು ಈಗ ಬೆಲ್ಲ ಸಾಗಿಸುವ ಸಣ್ಣ ಲಾರಿ ಓಡಿಸುತ್ತಿದ್ದ. ಪುಣ್ಯಕ್ಕೆ ಅವತ್ತು ಮಂಡ್ಯದ ಮಾರ್ಕೆಟ್ಟಿಗೇ ಬಂದಿದ್ದ.

"ಲೇ ಮಹದೇವು, ಸಂಜೆ ನಮ್ಮನೆಗೆ ಬಾರ್ಲಾ. ಒಂದು ಸಾಕ್ಷಿ ಹೇಳ್ಬೇಕು."

"ಸಾಕ್ಷಿಯಾ? ಏನ್ಲಾ ಮಾಡ್ಕಂಡಿದ್ದೀಯ?"

"ಸೈಕಲ್ ವಿಷ್ಯ ಕಣ್ಲಾ."

"ಕದ್ಯಾ?"

"ಬಾರ್ಲಾ ಅಂದ್ರೆ!"

ಸಂಜೆಯ ಸವಾರಿ ಮೆರವಣಿಗೆಯಾಯಿತು. ಮುಂದೆ ಶಿವರಾಮು, ಪಕ್ಕದಲ್ಲಿ ಬೈಕನ್ನು ಆಮೆಯಂತೆ ಓಡಿಸುತ್ತ ಚಲುವರಾಜು. "ಅಣ್ಣ, ಇಷ್ಟು ನಿಧಾನಕ್ಕೆ ಹೋದ್ರೆ ನನ್ ಗಾಡಿ ಆಫ್ ಆಯ್ತದೆ, ಸ್ವಲ್ಪ ತುಳೀರಿ" ಎನ್ನುವನು. ಹೊತ್ತು ಇಳಿದಂತೆ ಚಳಿ ಏರಿತು. ತೊಡೆ ಹಗ್ಗ ಹೊಸೆದಂತೆ ಹಿಡಿದುಕೊಂಡಿತು. ಅರ್ಧ ದಾರಿಯಲ್ಲಿ ಗುರುವಾರದ ಅದೇ ಲಗೇಜ್ ಆಟೋ ಹಿಂದಿನಿಂದ ಬಂದು ಪಕ್ಕದಲ್ಲಿ ನಿಂತಿತು.

"ಬತ್ತೀರಾ ಸಾ? ಇವತ್ತು ಗಾಡಿ ಖಾಲಿ ಐತೆ, ಆರಾಮಾಗಿ ಮಲಗಬೌದು."

ಶಿವರಾಮುವಿನ ಎರಡೂ ಕಾಲು ಹತ್ತಲು ಹೊರಟವು. ಆದರೆ ಅವನು ಕಣ್ಣು ಮುಚ್ಚಿದ. ಆಲೆಮನೆಯ ವಾಸನೆ. ಕಾಫಿಪುಡಿ ಬಣ್ಣದ ಸ್ವೆಟರು. ತಾನಾಗಿ ತಿರುಗುವ ಕಾಲು. "ನೀ ನಡಿಯಪ್ಪ" ಎಂದು ಆಟೋದವನನ್ನು ಕಳಿಸಿದ. ಉಳಿದ ದಾರಿಯನ್ನು ಹಲ್ಲು ಕಚ್ಚಿ, ಮೂಗಿನಲ್ಲೂ ಬಾಯಲ್ಲೂ ಹೊಗೆ ಬಿಡುತ್ತ, ಹಳೇ ಸಕ್ಕರೆ ಕಾರ್ಖಾನೆಯ ಹಾಗೆ ತುಳಿದ.

ಮನೆ ಮುಟ್ಟಿದಾಗ ಜಗುಲಿ ತುಂಬಿತ್ತು. ಮಹದೇವು ಕಾಫಿ ಕುಡಿಯುತ್ತಿದ್ದ. ತಲೆ ನರೆತಿದ್ದರೂ ಭುಜ ಆಗಿನಂತೆಯೇ ಅಗಲ. ಮೇಷ್ಟ್ರು ಜರ್ಕಿನ್ ಹಿಂದಿರುಗಿಸುವ ನೆಪದಲ್ಲಿ ಬಂದು ಕೂತಿದ್ದರು. ಶಾಲಿನಿ ಬಾಗಿಲಲ್ಲಿ ನಿಂತಿದ್ದಳು.

"ಆಟೋ ಹತ್ತಲಿಲ್ಲ ಅಕ್ಕ, ನಾನೇ ನೋಡಿದೀನಿ" ಎಂದು ಚಲುವರಾಜು ಸಾರಿದ. ಶಿವರಾಮು ಸೈಕಲ್ಲನ್ನು ಗೋಡೆಗೆ ಒರಗಿಸಿ, ಬಿಟ್ಟರೆ ತಾನು ಬೀಳುತ್ತೇನೆಂದು ಅದಕ್ಕೇ ಒರಗಿಕೊಂಡ. ಗೆದ್ದಿದ್ದ. ಸೈಕಲ್ಲು ಉಳಿಯಿತು. ಇನ್ನು ಮರ್ಯಾದೆಯೊಂದು ಬಾಕಿ.

"ಈಗ ಹೇಳ್ಲಾ ಮಹದೇವು, ಇವರಿಗೆಲ್ಲ ಕೇಳಂಗೆ ಹೇಳು. ಹೈಸ್ಕೂಲಲ್ಲಿ ಆ ಕಬ್ಬಿಣದ ಸೈಕಲ್ಲಲ್ಲಿ ನಿನ್ನ ಕೂರಿಸ್ಕೊಂಡು ಮಳವಳ್ಳಿಗೆ ದಿನಾ ತುಳೀತಿದ್ದೋನು ಯಾರು?"

ಮಹದೇವು ಲೋಟ ಕೆಳಗಿಟ್ಟ. "ನನ್ನ ಕೂರಿಸ್ಕಂಡಾ? ಯಾರು, ನೀನಾ?" ಅವನ ನಗುವಿಗೆ ಜಗುಲಿಯ ಬೆಂಚೇ ಕುಲುಕಿತು. "ಒಂದೇ ಒಂದಿನ ನೀನು ಮುಂದೆ ಕುಂತಿದ್ಯೇನ್ಲಾ? ಅದು ನಮ್ಮಪ್ಪನ ಸೈಕಲ್ಲು. ಬ್ಯಾರೆಯೋರ ಕೈಗೆ ಕೊಟ್ರೆ ಕಾಲ್ ಮುರೀತೀನಿ ಅಂತಿತ್ತು ನಮ್ಮಪ್ಪ."

"ಸುಮ್ನಿರ್ಲಾ! ನನ್ ಕಾಲು ಪೆಡಲ್ ಮೇಲೆ ತಿರುಗ್ತಿದ್ದದ್ದು ನನಗೆ ಈಗ್ಲೂ ನೆನಪೈತೆ."

"ತಿರುಗ್ದೆ ಇರ್ತದಾ? ಏರಿ ಬಂದಾಗ 'ಇಂದೆ ಕುಂತೇ ನೀನೂ ಒಸಿ ತುಳೀಲಾ' ಅಂತಿದ್ದೆ. ನೀನು ಕಾಲು ತಂದು ಮಡಗ್ತಿದ್ದದ್ದು ಪೆಡಲ್ ಮೇಲಲ್ಲ, ನನ್ ಪಾದದ ಮೇಲೆ. ನಾನು ತುಳಿದಂಗೆಲ್ಲ ನಿನ್ ಕಾಲೂ ಮೇಲಕ್ಕೆ ಕೆಳಕ್ಕೆ ಓಯ್ತಿತ್ತು. ನಿನ್ ಕಾಲಿನ ಭಾರಾನೂ ನಾನೇ ತುಳಿದಿದೀನಿ ಕಣಪ್ಪ."

"ಸುಳ್ಳು" ಎಂದ ಶಿವರಾಮು. ಧ್ವನಿಯಲ್ಲಿ ಗಾಳಿ ಇಳಿದಿತ್ತು.

ಶಾಲಿನಿ ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದಳು. "ಅಣ್ಣ, ಆಗ ನಿಮ್ಮ ಸ್ವೆಟರ್ ಬೆನ್ನಲ್ಲಿ ತೂತಿತ್ತಾ?"

"ಊಂ ಕಣಮ್ಮ. ಇಲಿ ಕಡಿದಿದ್ದು. ನಿಂಗೆ ಯಾರ್ ಯೋಳುದ್ರು?"

ಅವಳು ಗಂಡನ ಕಡೆ ತಿರುಗಿದಳು. "ರೀ, ಮುಂದೆ ಕೂತು ತುಳಿಯೋರಿಗೆ ಹಿಂದೆ ಕೂತೋರ ಬೆನ್ನು ಹೇಗ್ರೀ ಕಾಣ್ತಿತ್ತು?"

ಶಿವರಾಮು ಮತ್ತೊಮ್ಮೆ ಕಣ್ಣು ಮುಚ್ಚಿದ. ಆ ಬೆಳಗಿನ ರಸ್ತೆಗಾಗಿ ಹುಡುಕಿದ. ಎಡಕ್ಕೆ ಗದ್ದೆ ಇತ್ತು, ಬಲಕ್ಕೆ ಕೆರೆ ಇತ್ತು. ಮುಂದೆ ರಸ್ತೆ ಇರಲಿಲ್ಲ. ಮುಂದೆ ಇದ್ದದ್ದು ಬರೀ ಸ್ವೆಟರು. ಅಷ್ಟು ವರ್ಷದ ಚಳಿಯಲ್ಲಿ ಒಂದು ದಿನವೂ ಅವನ ಮುಖಕ್ಕೆ ಗಾಳಿ ಬಡಿದಿರಲಿಲ್ಲ.

ಕೆಂಪಸಿದ್ದಯ್ಯ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಕಾರಣ ಸಿಕ್ತಲ್ಲಪ್ಪ. ಈ ಸೈಕಲ್ಲಿಗೆ ಕ್ಯಾರಿಯರ್ ಇಲ್ಲ."

ಮಹದೇವು ಪಂಚೆ ಎತ್ತಿ ಕಟ್ಟಿ, "ಎಲ್ಲಿ ನೋಡಾವ" ಎಂದು ಸೈಕಲ್ಲು ಹತ್ತಿ ಬೀದಿಯ ಕೊನೆಗೆ ಹೊರಟ. ಬೀದಿದೀಪದ ಕೆಳಗೆ ಅವನ ಬೆನ್ನು ಚಿಕ್ಕದಾಗುತ್ತ ಹೋಯಿತು. ಶಿವರಾಮುವಿಗೆ ಆ ಬೆನ್ನಿನ ಗುರುತು ಚೆನ್ನಾಗಿತ್ತು. ಮಂಜು ಇದ್ದರೂ ಹಿಡಿಯಬಲ್ಲ. ಹಿಂದಿರುಗಿದ ಮಹದೇವುವಿಗೆ ಏದುಸಿರೂ ಇರಲಿಲ್ಲ. "ಊವಿನಂಗೈತಲ್ಲೋ! ಎಲ್ಲೈತೆ ಭಾರ?"

ಅವರೆಲ್ಲ ಹೋದಮೇಲೆ ಶಿವರಾಮು ಮೆಲ್ಲಗೆ ಶುರುಮಾಡಿದ. "ಪಾಪ, ನಮ್ಮ ಅಶೋಕ... ತುಂಬಾ ಆಸೆಪಟ್ಟಿದ್ದ. ಕೊಟ್ಬಿಡೋಣ್ವಾ?"

"ಅದೆಲ್ಲ ಆಗಲ್ಲ" ಎಂದಳು ಶಾಲಿನಿ. "ಮಾತು ಅಂದ್ಮೇಲೆ ಮಾತು. ಆಟೋ ಹತ್ತಲಿಲ್ಲ, ನೀವು ಗೆದ್ದಿದ್ದೀರಿ. ಇನ್ಮೇಲೆ ದಿನಾ ಇದರಲ್ಲೇ ಹೋಗಿ."

ಸೋಮವಾರ ಮಂಜು ಇನ್ನೂ ದಟ್ಟವಾಗಿತ್ತು. ಶಿವರಾಮು ಹತ್ತಿ ಕೂತು, ಪೆಡಲಿನ ಮೇಲೆ ಕಾಲಿಟ್ಟು, ಒಂದು ಗಳಿಗೆ ಕಾದ. ಯಾಕೆ ಕಾದನೆಂದು ಅವನಿಗೇ ಗೊತ್ತಾಗಲಿಲ್ಲ. ಕಾಲು ತಾನಾಗಿ ತಿರುಗಲಿಲ್ಲ.

ಊಟದ ಡಬ್ಬಿಯ ಚೀಲವನ್ನು ಅವನ ಹೆಗಲಿಗೆ ಸಿಕ್ಕಿಸುತ್ತ ಶಾಲಿನಿ ಹೇಳಿದಳು: "ಮುಂದೆ ಯಾರೂ ಕೂತಿಲ್ಲ ಕಣ್ರೀ. ತುಳೀರಿ."